ಕೊಳದ ಪ್ರಸಾದ, ಕಾದ ಸೂಜಿ

ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರಕ್ಕೆ ಬರುವವರಲ್ಲಿ ಬಹಳ ಮಂದಿ ಮಡಿಲಲ್ಲಿ ಒಂದು ಪ್ರಶ್ನೆ ಕಟ್ಟಿಕೊಂಡೇ ಬರುತ್ತಾರೆ. ರಾಮೇಶ್ವರನಿಗೆ ಕೈಮುಗಿದು, ಗಂಗಮ್ಮನ ಕೊಳದ ಮುಂದೆ ಕೂತು, ಮನಸ್ಸಿನಲ್ಲಿದ್ದುದನ್ನು ಬೇಡಿಕೊಂಡು ನೀರನ್ನೇ ನೋಡುತ್ತ ಕಾಯುತ್ತಾರೆ. ಹೂವೋ ಹಣ್ಣೋ ಅಡಿಕೆಯೋ ಬಳೆಯೋ ತೇಲಿಬಂದರೆ ಅದೇ ಪ್ರಸಾದ, ಅದೇ ಅಪ್ಪಣೆ. ಏನೂ ಬಾರದಿದ್ದರೆ ಕಾಲ ಕೂಡಿಬಂದಿಲ್ಲವೆಂದು ಎದ್ದುಹೋಗುತ್ತಾರೆ. ನಮ್ಮ ಊರೂರ ಗುಡಿಗಳಲ್ಲಿ ದೇವರಿಗೆ ಹೂವು ಕೇಳಿ, ಬಲಕ್ಕೆ ಬಿತ್ತೋ ಎಡಕ್ಕೆ ಬಿತ್ತೋ ಎಂದು ನೋಡುವ ಪದ್ಧತಿಯೂ ಇದರ ಬಳಗದ್ದೇ. ಬರೀ ನಂಬಿಕೆಯೆಂದು ಇದನ್ನು ಬದಿಗೆ ಸರಿಸುವವರು ಒಂದನ್ನು ಗಮನಿಸುವುದಿಲ್ಲ. ಕೆಲಸಕ್ಕೆ ಕೈಹಾಕುವ ಮೊದಲು ನಿಂತು ಕೇಳುವುದು, ಬೇಡವೆಂಬ ಉತ್ತರಕ್ಕೂ ಮನಸ್ಸು ಗಟ್ಟಿಮಾಡಿಕೊಂಡಿರುವುದು ಈ ಪದ್ಧತಿಯ ಅಂಗವೇ ಆಗಿದೆ. ಬೆನ್ನುನೋವಿನ ಚಿಕಿತ್ಸೆಯ ಇತಿಹಾಸದಲ್ಲಿ ಮತ್ತೆ ಮತ್ತೆ ತಪ್ಪಿಹೋದದ್ದು ಈ ನಿಂತು ಕೇಳುವ ಗಳಿಗೆಯೇ. ನರವನ್ನು ಸುಡುವ ಇಂದಿನ ಚಿಕಿತ್ಸೆಯನ್ನು ಮಾಡಿಸಿಕೊಳ್ಳಬೇಕೇ ಎಂದು ಯೋಚಿಸುತ್ತಿರುವವರು ಆ ಇತಿಹಾಸವನ್ನು ತಿಳಿದೇ ತೀರ್ಮಾನಿಸಬೇಕು ಎಂಬುದು ನನ್ನ ವಾದ.

ಈ ಸೀಮೆಗೆ ಸೊಂಟನೋವು ಹೊಸದಲ್ಲ. ರಾಗಿ ಕೊಯ್ಲು, ಶೇಂಗಾ ಕೀಳುವುದು, ಈರುಳ್ಳಿ ಹೊಲದ ಕಳೆ ಎಲ್ಲವೂ ದಿನವಿಡೀ ಬಗ್ಗಿ ಮಾಡುವ ಕೆಲಸ. ‘ಸೊಂಟ ಹಿಡಿದಿದೆ’, ‘ನರ ಉಳುಕಿದೆ’ ಎಂಬ ಮಾತಿನಲ್ಲೇ ಮದ್ದಿನ ದಾರಿಯೂ ಇದೆ. ಹಿಡಿದದ್ದನ್ನು ಬಿಡಿಸಬೇಕು, ಉಳುಕಿದ್ದನ್ನು ತೆಗೆಯಬೇಕು. ಎಣ್ಣೆ ಹಚ್ಚಿ ನೀವಿಸಿ, ಕಾಲು ಮುಂದಾಗಿ ಹುಟ್ಟಿದವರಿಂದ ತುಳಿಸಿ, ಅದಕ್ಕೂ ಬಗ್ಗದಿದ್ದರೆ ಕೊನೆಗೆ ಚುಟಿಗೆ, ಅಂದರೆ ಕಾಸಿದ ಬರೆ. ಎತ್ತು ಕುಂಟಿದರೂ ಚುಟಿಗೆ, ಮನುಷ್ಯನ ನೋವು ಹಟ ಹಿಡಿದರೂ ಚುಟಿಗೆ. ಇದಕ್ಕೆ ಶಾಸ್ತ್ರದ ಬೆಂಬಲವೂ ಇತ್ತು. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 12ನೇ ಅಧ್ಯಾಯ ಪೂರ್ತಿ ಅಗ್ನಿಕರ್ಮಕ್ಕೇ ಮೀಸಲು. ಸ್ನಾಯು, ಕೀಲು, ಮೂಳೆಗಳಲ್ಲಿ ವಾತದಿಂದ ತೀವ್ರ ನೋವಾದಾಗ ಸುಡಬಹುದೆಂದು ಅದು ಹೇಳುತ್ತದೆ. ಅಷ್ಟೇ ಖಚಿತವಾಗಿ ಮಕ್ಕಳಿಗೆ, ಮುದುಕರಿಗೆ, ದುರ್ಬಲರಿಗೆ, ಅಂಜುವವರಿಗೆ ಬೇಡವೆನ್ನುತ್ತದೆ. ಶರತ್ತು, ಗ್ರೀಷ್ಮಗಳಲ್ಲಿ ತುರ್ತಿದ್ದರೆ ಮಾತ್ರ ಎನ್ನುತ್ತದೆ. ಚುಟಿಗೆ ಊರವರ ಕೈಗೆ ಬಂದಾಗ ಉಳಿದದ್ದು ಬೆಂಕಿ ಮಾತ್ರ. ಬೇಡವೆಂದ ಪಟ್ಟಿ ಕಳಚಿಬಿತ್ತು. ಹಸುಗೂಸುಗಳ ಹೊಟ್ಟೆಯ ಮೇಲೂ ಬರೆ ಎಳೆದದ್ದನ್ನು ನೆನೆದರೆ ಆ ಪಟ್ಟಿಯ ಬೆಲೆ ಗೊತ್ತಾಗುತ್ತದೆ.

ಹಳ್ಳಿಯವರಿಗೆ ತಿಳಿವಳಿಕೆ ಸಾಲದೆ ಹೀಗಾಯಿತು ಎನ್ನುವಂತಿಲ್ಲ. ಆಸ್ಪತ್ರೆಯೊಳಗೂ ಇದೇ ನಡೆಯಿತು. ಬೆನ್ನುಮೂಳೆಯ ಹಿಂಬದಿಯಲ್ಲಿ ಫ್ಯಾಸೆಟ್ ಎಂಬ ಪುಟ್ಟ ಜೋಡಿ ಕೀಲುಗಳಿವೆ. ಅವುಗಳ ನೋವನ್ನು ಮೆದುಳಿಗೆ ಒಯ್ಯುವುದು ಕೂದಲಿನಷ್ಟು ಸಣ್ಣ ನರದೆಳೆಗಳು. ಆ ಎಳೆ ಕಡಿದರೆ ನೋವು ನಿಲ್ಲಬೇಕೆಂದು ಆಸ್ಟ್ರೇಲಿಯಾದ ರೀಸ್ ಎಂಬ ವೈದ್ಯರು ಚರ್ಮದ ಮೂಲಕ ಉದ್ದನೆಯ ಚಾಕು ಇಳಿಸಿ ಕಡಿಯತೊಡಗಿದರು, 1971ರಲ್ಲಿ ನೂರಕ್ಕೆ 99ಕ್ಕೂ ಹೆಚ್ಚು ಮಂದಿಗೆ ಗುಣವಾಯಿತೆಂದು ಬರೆದರು. ಚಾಕುವಿನಿಂದ ರಕ್ತಸ್ರಾವವಾಗುವುದನ್ನು ಕಂಡ ಅಮೆರಿಕದ ನಾರ್ಮನ್ ಶೀಲಿ ಆ ದಶಕದ ನಡುವೆ ಚಾಕುವಿನ ಬದಲು ರೇಡಿಯೋ ತರಂಗದಿಂದ ಕಾಯುವ ಸೂಜಿ ತಂದರು. ಅಷ್ಟರಲ್ಲಿ ನಿಕೊಲಾಯ್ ಬೊಗ್ಡುಕ್ ಮತ್ತು ಸಂಗಡಿಗರು ಶವಗಳ ಬೆನ್ನು ಬಿಡಿಸಿ ನೋಡಿದರು. 1977ರಲ್ಲಿ ಅವರು ತೋರಿಸಿದ್ದು ಬೆರಗಿನ ಸಂಗತಿ: ರೀಸ್ ಅವರ ಚಾಕು ಆ ನರದವರೆಗೆ ತಲುಪುತ್ತಲೇ ಇರಲಿಲ್ಲ. ಎರಡು ವರ್ಷಗಳ ಮೇಲೆ, ಶೀಲಿಯವರ ಸೂಜಿ ನಿಲ್ಲುತ್ತಿದ್ದ ಜಾಗದಲ್ಲೂ ಆ ನರ ಇಲ್ಲವೆಂದು ತೋರಿಸಿದರು. ಇಂದು ಸೂಜಿ ಇಡುವ ಜಾಗ ಗೊತ್ತಾದದ್ದು ಆ ತಿದ್ದುಪಡಿಯಿಂದಲೇ.

ಚಾಕು ನರವನ್ನು ಮುಟ್ಟದಿದ್ದರೂ ನೋವು ಹೋಯಿತೆಂದು ನೂರಾರು ಜನ ಹೇಳಿದರಲ್ಲ, ಅವರು ಸುಳ್ಳು ಹೇಳಿದರೇ? ಖಂಡಿತ ಇಲ್ಲ. ಸೊಂಟನೋವು ಏರಿಳಿಯುವ ಕಾಯಿಲೆ. ಅದು ಏರಿ ತಾಳಲಾರದಂತಾದಾಗಲೇ ಜನ ವೈದ್ಯರ ಬಳಿ ಹೋಗುವುದು, ಆಮೇಲೆ ಅದು ತಾನಾಗಿಯೂ ಇಳಿಯುವುದುಂಟು. ಯಾರೋ ತನ್ನನ್ನು ಕೈಹಿಡಿದು ನೋಡಿದರು ಎಂಬ ಭರವಸೆಯೂ ನೋವನ್ನು ನಿಜವಾಗಿಯೇ ತಗ್ಗಿಸುತ್ತದೆ. ಚುಟಿಗೆ ಹಾಕಿಸಿಕೊಂಡವರ ಸಾಕ್ಷಿಯೂ ರೀಸ್ ಅವರ ರೋಗಿಗಳ ಸಾಕ್ಷಿಯೂ ಈ ದೃಷ್ಟಿಯಲ್ಲಿ ಒಂದೇ. ನೋವು ಇಳಿದದ್ದು ನಿಜ, ಇಳಿಸಿದ್ದು ಯಾವುದೆಂಬುದು ಅವರ ಮಾತಿನಿಂದ ತಿಳಿಯದು. ಅದಕ್ಕೇ ಹೋಲಿಕೆ ಬೇಕು. ನೆದರ್ಲೆಂಡ್ಸ್‌ನಲ್ಲಿ 681 ಮಂದಿಯನ್ನು ಒಳಗೊಂಡ ಮೂರು ಪ್ರಯೋಗಗಳ ಫಲಿತಾಂಶ 2017ರಲ್ಲಿ ಹೊರಬಂತು. ವ್ಯಾಯಾಮದ ಜೊತೆಗೆ ನರ ಸುಡಿಸಿಕೊಂಡವರಿಗೂ ಬರೀ ವ್ಯಾಯಾಮ ಮಾಡಿದವರಿಗೂ ಮೂರು ತಿಂಗಳಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆಯ್ಕೆ ಸಡಿಲವಾಗಿತ್ತು, ನರಕ್ಕೆ ಮರವು ಬರಿಸಿ ನೋಡುವ ಒಂದೇ ಒಂದು ಪರೀಕ್ಷಾ ಚುಚ್ಚುಮದ್ದಿನ ಮೇಲೆ ಜನರನ್ನು ಆರಿಸಿದರು ಎಂದು ನೋವು ತಜ್ಞರು ಆಕ್ಷೇಪಿಸಿದರು. ಆಕ್ಷೇಪ ನ್ಯಾಯವಾದದ್ದೇ. ಆದರೆ ಅದನ್ನು ಒಪ್ಪಿದರೆ, ಅಂಥ ಸಡಿಲ ಆಯ್ಕೆಯ ಮೇಲೆ ನಿತ್ಯ ನಡೆಯುವ ಚಿಕಿತ್ಸೆಯನ್ನೂ ಒಪ್ಪಲಾಗದು. ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ ಷರತ್ತು ಹಾಕಿ ಸಮ್ಮತಿಸಿತ್ತು: ಬೇರೆ ಉಪಚಾರ ಫಲಿಸಿರಬಾರದು, ನೋವು ಹತ್ತರಲ್ಲಿ ಐದಾದರೂ ಇರಬೇಕು, ಪರೀಕ್ಷಾ ಚುಚ್ಚುಮದ್ದಿಗೆ ನೋವು ಮಣಿದಿರಬೇಕು. 2025ರಲ್ಲಿ ಬಿಎಂಜೆ ಪತ್ರಿಕೆಯಲ್ಲಿ ಬಂದ ಮಾರ್ಗಸೂಚಿ ಇನ್ನೂ ಮುಂದೆ ಹೋಗಿ, ದೀರ್ಘಕಾಲದ ಬೆನ್ನುನೋವಿಗೆ ಇದು ಬೇಡವೆಂದೇ ಹೇಳಿತು.

ಇನ್ನೊಂದು ಆಕ್ಷೇಪ ನನಗೆ ಇದಕ್ಕಿಂತ ಭಾರವಾದದ್ದು. ವ್ಯಾಯಾಮ ಮಾಡಿ ಎನ್ನುವುದು ಸುಲಭ, ಕೂಲಿ ಬಿಟ್ಟು ವಾರವಾರ ಹೊಸದುರ್ಗಕ್ಕೋ ಚಿತ್ರದುರ್ಗಕ್ಕೋ ಹೋಗಿ ಕಲಿಯುವವರು ಯಾರು? ಒಂದೇ ಸಲದ ಸೂಜಿ ಬಡವರಿಗೇ ಹೆಚ್ಚು ಒದಗುವುದಿಲ್ಲವೇ? ಒದಗಬಹುದಿತ್ತು, ಅದು ಒಂದೇ ಸಲದ್ದಾಗಿದ್ದರೆ. ಸುಮಾರು 80 ಡಿಗ್ರಿ ಕಾವಿನಲ್ಲಿ ಒಂದೆರಡು ನಿಮಿಷ ಸುಟ್ಟ ನರ ತಿಂಗಳುಗಳಲ್ಲಿ ಮತ್ತೆ ಚಿಗುರುತ್ತದೆ. ಫಲಿಸಿದವರೂ ಬಹುಪಾಲು ಒಂದು ವರ್ಷದ ಆಚೀಚೆ ಮತ್ತೆ ಹೋಗಬೇಕು. ಸವೆದ ಕೀಲು ಸವೆದಂತೆಯೇ ಇರುತ್ತದೆ. ಕಾಲಿಗೆ ಹರಿಯುವ ಸೆಳೆತಕ್ಕೆ ಈ ಸೂಜಿಯ ದಾರಿಯೇ ಅಲ್ಲ. ಹಾಗಾಗಿ ಮಾಡಿಸಿಕೊಳ್ಳುವವರು ಮರುಕಳಿಸುವ ಖರ್ಚನ್ನು ಮೊದಲೇ ಲೆಕ್ಕಹಾಕಬೇಕು, ನೋವು ಇಳಿದ ತಿಂಗಳುಗಳಲ್ಲಿ ಬೆನ್ನನ್ನು ಬಲಪಡಿಸಿಕೊಳ್ಳುವ ಉದ್ದೇಶವಿಟ್ಟುಕೊಂಡಿರಬೇಕು.

ಕಾನೂನು ಕೂಡ ಈ ನಿಂತು ಕೇಳುವ ಗಳಿಗೆಯನ್ನು ಕಾಯ್ದಿದೆ. ಪರೀಕ್ಷೆಗೆಂದು ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಲ್ಲ, ಬದಲಿ ದಾರಿಗಳನ್ನೂ ಅಪಾಯಗಳನ್ನೂ ರೋಗಿಗೆ ತಿಳಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ತೀರ್ಪಿತ್ತಿದೆ. ನರ ಸುಡುವ ಈ ಚಿಕಿತ್ಸೆಯಲ್ಲಂತೂ ಪರೀಕ್ಷೆ, ಸುಡುವಿಕೆ ಎರಡರ ನಡುವೆ ಕೂತು ನೋಡಲು ಸಮಯವಿದೆ. ಮರವು ಬರಿಸುವ ಮದ್ದನ್ನು ನರದ ಬಳಿ ಚುಚ್ಚಿದ ಮೇಲೆ, ಬಗ್ಗಿದಾಗ ಎದ್ದಾಗ ಎಷ್ಟು ನೋವಿದೆಯೆಂದು ಗಂಟೆಗಂಟೆಗೆ ಬರೆದಿಡಬಹುದು. ಬೇರೊಂದು ದಿನ ಹೆಚ್ಚು ಹೊತ್ತು ನಿಲ್ಲುವ ಮದ್ದು ಚುಚ್ಚಿದಾಗ ಸುಖವೂ ಹೆಚ್ಚು ಹೊತ್ತು ನಿಂತಿತೇ ಎಂದು ಹೋಲಿಸಬಹುದು. ನಿಂತಿದ್ದರೆ ನೋವು ಆ ಕೀಲಿನದ್ದೇ ಇರಬಹುದು, ಸೂಜಿಯ ಮಾತನ್ನು ಮುಂದುವರಿಸಬಹುದು. ನಿಲ್ಲದಿದ್ದರೆ, ಗಂಗಮ್ಮನ ಕೊಳದ ಮುಂದಿನಿಂದ ಬರಿಗೈಲಿ ಎದ್ದವರ ಹಾಗೆ, ಅಂದಿಗೆ ಸುಮ್ಮನೆ ಮನೆಗೆ ಹೋಗಬಹುದು.