ಕೌಂಟರಿನ ಹಿಂದೆ ಯಾರೂ ಇಲ್ಲ: ಡಿಪಾರ್ಟ್‌ಮೆಂಟ್ ಸ್ಟೋರ್‌ಗಳಲ್ಲಿ ಸೇವೆ ಸೊರಗಿದ ಬಗೆ

ಬಟ್ಟೆ, ಚಪ್ಪಲಿ, ಪಾತ್ರೆ, ಸುಗಂಧದ್ರವ್ಯ, ಮಂಚ, ಕುರ್ಚಿ ಎಲ್ಲವನ್ನೂ ಒಂದೇ ಸೂರಿನಡಿ, ವಿಭಾಗ ವಿಭಾಗವಾಗಿ ಮಾರುವ ದೊಡ್ಡ ಮಳಿಗೆಯೇ ಡಿಪಾರ್ಟ್‌ಮೆಂಟ್ ಸ್ಟೋರ್. ನಮ್ಮ ಬಡಾವಣೆಗಳಲ್ಲಿ ‘ಡಿಪಾರ್ಟ್‌ಮೆಂಟಲ್ ಸ್ಟೋರ್’ ಎಂದು ಬೋರ್ಡು ಹಾಕಿಕೊಂಡ ದಿನಸಿ ಅಂಗಡಿ ಇಲ್ಲಿಯ ವಿಷಯವಲ್ಲ. ಈ ಬಗೆಯ ಮಳಿಗೆ ಬೆಳೆದು, ಮೆರೆದು, ಬಡವಾದದ್ದು ಮುಖ್ಯವಾಗಿ ಅಮೆರಿಕದಲ್ಲಿ. ಅಲ್ಲಿನ ಗಿರಾಕಿಗಳ ದೂರು ಬಹುಕಾಲದಿಂದ ಒಂದೇ ರಾಗದಲ್ಲಿದೆ: ಸರಕು ಇದೆ, ವಿಚಾರಿಸುವವರಿಲ್ಲ. ಬೇಕಾದ ಅಳತೆಯ ಶೂ ಹುಡುಕಿಕೊಡುವವರಿಲ್ಲ, ಟ್ರಯಲ್ ರೂಮಿನಲ್ಲಿ ಹಿಂದಿನವರು ಬಿಟ್ಟುಹೋದ ಬಟ್ಟೆಯ ರಾಶಿ, ದುಡ್ಡು ಕೊಡೋಣವೆಂದರೆ ತೆರೆದಿರುವ ಕೌಂಟರ್ ಯಾವುದೆಂದು ಹುಡುಕುತ್ತಾ ಅಲೆಯಬೇಕು.

‘ಈಗಿನ ಹುಡುಗ ಹುಡುಗಿಯರಿಗೆ ಮರ್ಯಾದೆ ಗೊತ್ತಿಲ್ಲ’ ಎನ್ನುವುದು ಇದಕ್ಕೆ ಸುಲಭದ ವಿವರಣೆ. ಈ ವಹಿವಾಟಿನ ಚರಿತ್ರೆ ನೋಡಿದರೆ ಅದು ನಿಲ್ಲುವುದಿಲ್ಲ. ಕಡಿಮೆಯಾದದ್ದು ಮಾರಾಟದ ಜಾಗದಲ್ಲಿ ನಿಂತಿರುವ ಜನ, ಅವರ ಅನುಭವ, ಅವರಿಗೆ ಸಿಗುವ ಪಾಳಿ. ಅಷ್ಟನ್ನೂ ತೀರ್ಮಾನಿಸಿದವರು ಮೇಲಿನ ಮಹಡಿಯ ಕಚೇರಿಯಲ್ಲಿ ಕೂತವರು.

ಮೊದಲಿನ ಕರಾರು

1852ರಲ್ಲಿ ಪ್ಯಾರಿಸ್ಸಿನ ‘ಬಾನ್ ಮಾರ್ಷೆ’ ಅಂಗಡಿಗೆ ಪಾಲುದಾರನಾಗಿ ಬಂದ ಅರಿಸ್ಟೀಡ್ ಬೂಸಿಕೊ ಆಗಿನ ಕಾಲಕ್ಕೆ ವಿಚಿತ್ರವೆನಿಸುವ ನಿಯಮಗಳನ್ನು ರೂಢಿಗೆ ತಂದ. ಬೆಲೆ ಬರೆದಿಟ್ಟದ್ದೇ, ಚೌಕಾಸಿ ಇಲ್ಲ. ಒಳಗೆ ಬಂದವರು ಏನನ್ನೂ ಕೊಳ್ಳದೆ ಹೊರಟರೂ ಯಾರೂ ಮುಖ ಸಿಂಡರಿಸುವಂತಿಲ್ಲ. ಒಯ್ದದ್ದು ಹಿಡಿಸದಿದ್ದರೆ ಹಿಂದಿರುಗಿಸಬಹುದು. ಅಟ್ಲಾಂಟಿಕ್ಕಿನ ಆಚೆ ನ್ಯೂಯಾರ್ಕಿನಲ್ಲಿ ಎ.ಟಿ. ಸ್ಟೀವರ್ಟ್ 1846ರಲ್ಲೇ ಬ್ರಾಡ್‌ವೇ ಬೀದಿಯಲ್ಲಿ ಅಮೃತಶಿಲೆಯ ಅರಮನೆಯಂಥ ಅಂಗಡಿ ತೆರೆದಿದ್ದ. ಫಿಲಡೆಲ್ಫಿಯಾದಲ್ಲಿ ಜಾನ್ ವಾನಮೇಕರ್ 1876ರಲ್ಲಿ ಹಳೆಯ ರೈಲ್ವೆ ಡಿಪೋ ಒಂದನ್ನೇ ಮಳಿಗೆ ಮಾಡಿಕೊಂಡು, ಬೆಲೆಚೀಟಿಗೂ ‘ಹಣ ವಾಪಸ್’ ಭರವಸೆಗೂ ಹೆಸರಾದ. ಶಿಕಾಗೊದ ಮಾರ್ಷಲ್ ಫೀಲ್ಡ್ ಅಂಗಡಿಯಲ್ಲಿ ಸುಮಾರು 25 ವರ್ಷ ಪಳಗಿದ ಹ್ಯಾರಿ ಗಾರ್ಡನ್ ಸೆಲ್ಫ್ರಿಜ್ 1909ರಲ್ಲಿ ಲಂಡನ್ನಿಗೆ ಹೋಗಿ ತನ್ನದೇ ಹೆಸರಿನ ಮಳಿಗೆ ತೆರೆದ. ಗಿರಾಕಿ ಹೇಳಿದ್ದೇ ಸರಿ ಎಂಬ ಧೋರಣೆಯನ್ನು ಫೀಲ್ಡ್‌ನಿಗೋ, ಸೆಲ್ಫ್ರಿಜ್‌ಗೋ ಅಂಟಿಸುವುದು ವಾಡಿಕೆ.

ಚೌಕಾಸಿ ನಿಂತ ಮೇಲೆ ಅಂಗಡಿಗಳು ಬೆಲೆಯಲ್ಲಿ ಆಟವಾಡುವ ಅವಕಾಶ ಕಡಿಮೆಯಾಯಿತು. ಉಳಿದದ್ದು ಉಪಚಾರ. ಊಟದ ಕೋಣೆ, ಮನೆಗೆ ಸಾಮಾನು ತಲುಪಿಸುವ ಗಾಡಿ, ಬಟ್ಟೆಯನ್ನು ಮೈಗೆ ಹೊಂದಿಸಿಕೊಡುವ ದರ್ಜಿ, ಉದ್ರಿ ಖಾತೆ, ಲಿಫ್ಟಿನಲ್ಲಿ ಯಾವ ಮಹಡಿಯಲ್ಲಿ ಏನಿದೆ ಎಂದು ಕೂಗುವ ಹುಡುಗಿ. ಇವೆಲ್ಲದರ ಖರ್ಚೂ ಸರಕಿನ ಬೆಲೆಯಲ್ಲೇ ಸೇರಿರುತ್ತಿತ್ತು. ಗಿರಾಕಿಗೆ ಅದು ಪುಕ್ಕಟೆಯೆಂದು ಅನ್ನಿಸುತ್ತಿತ್ತು, ಅಷ್ಟೆ.

ಆ ಸುವರ್ಣಯುಗ ಯಾರದು?

ಹಳೆಯ ಮಳಿಗೆಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಕಣ್ಣು ತೇವ ಮಾಡಿಕೊಳ್ಳುತ್ತಾರೆ. ತುಸು ಎಚ್ಚರ ಬೇಕು. ಮಾರಾಟಗಾರ್ತಿಯರಿಗೆ ಸರಕೂ ಗೊತ್ತಿಲ್ಲ, ಗಿರಾಕಿಯೊಡನೆ ಮಾತಾಡುವುದೂ ಗೊತ್ತಿಲ್ಲ ಎಂಬ ದೂರು ಆಗಲೂ ಇತ್ತು. 1905ರಲ್ಲಿ ಬೋಸ್ಟನ್ನಿನಲ್ಲಿ ಲುಸಿಂಡಾ ಪ್ರಿನ್ಸ್ ಎಂಬಾಕೆ ಮಾರಾಟಗಾರ್ತಿಯರಿಗಾಗಿಯೇ ಶಾಲೆ ತೆರೆಯಬೇಕಾಗಿ ಬಂತು. ಕೌಂಟರಿನ ಹಿಂದೆ ದಿನವಿಡೀ ನಿಂತೇ ದುಡಿಯುವ ಹೆಣ್ಣುಮಕ್ಕಳ ಸಂಬಳ ಅವರು ಮಾರುವ ಉಡುಪನ್ನು ಕೊಳ್ಳಲು ಸಾಲುತ್ತಿರಲಿಲ್ಲ.

ಆ ಸೇವೆ ಎಲ್ಲರಿಗೂ ಸಿಗುತ್ತಲೂ ಇರಲಿಲ್ಲ. ಅಮೆರಿಕದ ದಕ್ಷಿಣ ರಾಜ್ಯಗಳ ಎಷ್ಟೋ ಮಳಿಗೆಗಳು ಕಪ್ಪು ಜನರ ದುಡ್ಡು ತೆಗೆದುಕೊಳ್ಳುತ್ತಿದ್ದವು, ಊಟದ ಮೇಜಿನಲ್ಲಿ ಕೂರಲು ಬಿಡುತ್ತಿರಲಿಲ್ಲ. 1960ರ ಅಕ್ಟೋಬರಿನಲ್ಲಿ ಅಟ್ಲಾಂಟಾದ ರಿಚಸ್ ಮಳಿಗೆಯ ಊಟದ ಕೋಣೆಯಲ್ಲಿ ಧರಣಿಗೆ ಹೋದ ಮಾರ್ಟಿನ್ ಲೂಥರ್ ಕಿಂಗ್ ಬಂಧನಕ್ಕೊಳಗಾದರು. ಅದಕ್ಕೂ ಐದು ವರ್ಷ ಮೊದಲು ಬಸ್ಸಿನಲ್ಲಿ ಸೀಟು ಬಿಟ್ಟುಕೊಡಲು ಒಪ್ಪದ ರೋಸಾ ಪಾರ್ಕ್ಸ್ ದುಡಿಯುತ್ತಿದ್ದದ್ದು ಮಾಂಟ್‌ಗೊಮರಿಯ ಒಂದು ಡಿಪಾರ್ಟ್‌ಮೆಂಟ್ ಸ್ಟೋರಿನ ಹೊಲಿಗೆ ವಿಭಾಗದಲ್ಲಿ.

1962

ಗಿರಾಕಿಯೇ ಬುಟ್ಟಿ ಹಿಡಿದು ಸಾಮಾನು ಆರಿಸಿಕೊಳ್ಳುವ ಪದ್ಧತಿಯನ್ನು ಕ್ಲಾರೆನ್ಸ್ ಸಾಂಡರ್ಸ್ 1916ರಲ್ಲಿ ಮೆಂಫಿಸ್ ನಗರದ ತನ್ನ ‘ಪಿಗ್ಲಿ ವಿಗ್ಲಿ’ ದಿನಸಿ ಅಂಗಡಿಯಲ್ಲಿ ಆರಂಭಿಸಿದ್ದ. ಬಟ್ಟೆಬರೆಯ ವ್ಯಾಪಾರಕ್ಕೆ ಅದರ ಪೂರ್ತಿ ಬಿಸಿ ತಟ್ಟಿದ್ದು ಬಹಳ ತಡವಾಗಿ. 1962 ಒಂದೇ ವರ್ಷದಲ್ಲಿ ವಾಲ್‌ಮಾರ್ಟ್, ಕೆಮಾರ್ಟ್, ಟಾರ್ಗೆಟ್ ಮೂರೂ ತಮ್ಮ ಮೊದಲ ಮಳಿಗೆಗಳನ್ನು ತೆರೆದವು. ಇವರು ಮಾಡಿದ್ದು ಇಷ್ಟೆ: ಉಪಚಾರವನ್ನು ಕಿತ್ತುಹಾಕಿ, ಅದರ ಖರ್ಚನ್ನು ಬೆಲೆಯಿಂದ ಇಳಿಸಿದರು. ಜನ ಸಂತೋಷವಾಗಿ ಒಪ್ಪಿಕೊಂಡರು. ಸೇವೆಯ ಕುಸಿತಕ್ಕೆ ಗಿರಾಕಿಯ ಪಾಲೂ ಇದೆ ಎನ್ನುವುದನ್ನು ಇಲ್ಲಿ ಮರೆಯುವಂತಿಲ್ಲ.

ಹಳೆಯ ಮಳಿಗೆಗಳ ಮುಂದೆ ಎರಡು ದಾರಿ ಇದ್ದವು. ಬೆಲೆ ಹೆಚ್ಚಿದ್ದರೂ ಸೇವೆಯಿಂದಲೇ ಉಳಿಯುವುದು ಒಂದು, ತಾವೂ ಅಗ್ಗವಾಗುವುದು ಇನ್ನೊಂದು. ಹೆಚ್ಚಿನವು ಎರಡರ ನಡುವೆ ಸಿಕ್ಕಿಹಾಕಿಕೊಂಡವು. ವಾಲ್‌ಮಾರ್ಟಿನಷ್ಟು ಅಗ್ಗವಾಗಲು ಆಗಲಿಲ್ಲ, ಉಪಚಾರವನ್ನು ಮಾತ್ರ ಕಡಿಮೆ ಮಾಡಿದವು.

ಸಂಬಳದ ಪಟ್ಟಿಯ ಮೇಲೆ ಕತ್ತರಿ

ಅಂಗಡಿಯ ಖರ್ಚಿನಲ್ಲಿ ಬಾಡಿಗೆ ಕೂಡಲೇ ಇಳಿಯದು, ಸರಕಿನ ಕೊಂಡ ಬೆಲೆ ಕೈಯಲ್ಲಿಲ್ಲ. ಈ ತಿಂಗಳೇ ಕಡಿತ ಮಾಡಿ ಮುಂದಿನ ತ್ರೈಮಾಸಿಕದ ಲೆಕ್ಕದಲ್ಲಿ ತೋರಿಸಬಹುದಾದದ್ದು ಸಂಬಳ. ಕಡಿತದ ಲಾಭ ಒಡನೆ ಕಾಣುತ್ತದೆ. ನಷ್ಟ ಕಾಣುವುದಿಲ್ಲ, ಏಕೆಂದರೆ ವಿಚಾರಿಸುವವರಿಲ್ಲದೆ ಬರಿಗೈಯಲ್ಲಿ ಹೊರಟ ಗಿರಾಕಿಯ ಹೆಸರು ಯಾವ ಲೆಡ್ಜರಿನಲ್ಲೂ ಬರುವುದಿಲ್ಲ.

ಎಂಐಟಿಯ ಪ್ರಾಧ್ಯಾಪಕಿ ಝೇನೆಪ್ ಟೋನ್ ಈ ವಿಷಯವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿ 2014ರಲ್ಲಿ ಪುಸ್ತಕ ಬರೆದರು. ಅವರು ತೋರಿಸುವ ಸುಳಿ ಹೀಗಿದೆ: ಜನ ಕಡಿಮೆಯಾದರೆ ಸರಕು ಗೋದಾಮಿನಲ್ಲೇ ಉಳಿಯುತ್ತದೆ ಅಥವಾ ತಪ್ಪು ಕಪಾಟು ಸೇರುತ್ತದೆ. ಕಂಪ್ಯೂಟರ್ ‘ಇದೆ’ ಎನ್ನುತ್ತದೆ, ಗಿರಾಕಿಗೆ ಸಿಗುವುದಿಲ್ಲ. ಮಾರಾಟ ಇಳಿಯುತ್ತದೆ. ಸಂಬಳದ ಬಜೆಟ್ಟು ಮಾರಾಟದ ಶೇಕಡಾವಾರು ಆಗಿರುವುದರಿಂದ ಅದೂ ಇಳಿಯುತ್ತದೆ. ಮತ್ತೆ ಜನ ಕಡಿಮೆ. ಇದಕ್ಕೆ ಎದುರಾಗಿ ಅವರು ಕಾಸ್ಟ್‌ಕೊ, ಸ್ಪೇನಿನ ಮೆರ್ಕಡೋನಾದಂಥ ಸರಪಳಿಗಳನ್ನು ಇಡುತ್ತಾರೆ. ಬೆಲೆ ಕಡಿಮೆ, ಸಂಬಳ ಒಳ್ಳೆಯದು, ಅಂಗಡಿಯೂ ಲಾಭದಲ್ಲಿದೆ.

ಉಳಿದ ಕೆಲಸಗಾರರ ಪಾಳಿಯನ್ನು ಸಾಫ್ಟ್‌ವೇರ್ ನಿರ್ಧರಿಸತೊಡಗಿತು. ಇಂದು ನಾಲ್ಕು ಗಂಟೆ, ನಾಳೆ ಇಲ್ಲ, ನಾಡಿದ್ದು ಬೆಳಿಗ್ಗೆ ಫೋನ್ ಮಾಡಿ ಕೇಳಿ. ಇಂಥ ‘ಆನ್ ಕಾಲ್’ ಪಾಳಿಗಳ ಬಗ್ಗೆ 2015ರಲ್ಲಿ ನ್ಯೂಯಾರ್ಕಿನ ಅಟಾರ್ನಿ ಜನರಲ್ 13 ಚಿಲ್ಲರೆ ಕಂಪನಿಗಳಿಗೆ ಪತ್ರ ಬರೆದು ವಿವರಣೆ ಕೇಳಿದರು. ವಾರಕ್ಕೆ ಎಷ್ಟು ಗಂಟೆ ಕೆಲಸ ಸಿಗುತ್ತದೆಂದೇ ಗೊತ್ತಿಲ್ಲದವರು ಹತ್ತಾರು ಬ್ರಾಂಡಿನ ಬಟ್ಟೆಯ ಗುಣ ಕಲಿತು ಗಿರಾಕಿಗೆ ವಿವರಿಸಬೇಕೆಂದು ನಿರೀಕ್ಷಿಸುವುದು ಹೇಗೆ?

ಅನುಭವಕ್ಕೂ ಬೆಲೆ ಕಟ್ಟಿ ಹೊರಹಾಕಿದ ಉದಾಹರಣೆ ಸರ್ಕಿಟ್ ಸಿಟಿಯದು. ಅದು ಎಲೆಕ್ಟ್ರಾನಿಕ್ಸ್ ಮಾರುತ್ತಿದ್ದ ಸರಪಳಿ. ಡಿಪಾರ್ಟ್‌ಮೆಂಟ್ ಸ್ಟೋರ್ ಅಲ್ಲದಿದ್ದರೂ ಪಾಠ ಅದೇ. 2007ರ ಮಾರ್ಚಿನಲ್ಲಿ ಅದು ಸುಮಾರು 3,400 ಕೆಲಸಗಾರರನ್ನು ತೆಗೆದುಹಾಕಿತು. ಅವರ ತಪ್ಪು, ಮಾರುಕಟ್ಟೆ ದರಕ್ಕಿಂತ ಹೆಚ್ಚು ಸಂಬಳ ಪಡೆಯುತ್ತಿದ್ದದ್ದು; ಬಹಳ ಕಾಲ ಚೆನ್ನಾಗಿ ದುಡಿದವರ ಸಂಬಳ ಹೆಚ್ಚಿರುವುದು ಸಹಜ. ಬೇಕಿದ್ದರೆ ಹತ್ತು ವಾರ ಬಿಟ್ಟು ಕಡಿಮೆ ಸಂಬಳಕ್ಕೆ ಮತ್ತೆ ಅರ್ಜಿ ಹಾಕಬಹುದು ಎಂದೂ ಹೇಳಿತು. 2008ರ ನವೆಂಬರಿನಲ್ಲಿ ಕಂಪನಿ ದಿವಾಳಿ ಅರ್ಜಿ ಸಲ್ಲಿಸಿತು, ಮರುವರ್ಷ ಬಾಗಿಲು ಹಾಕಿತು. ಇದೊಂದೇ ಕಾರಣವೆನ್ನಲಾಗದು, ಆದರೆ ಆ ನಿರ್ಧಾರದಿಂದ ಅಂಗಡಿಗೆ ಒಳ್ಳೆಯದಾಯಿತೆಂದು ಯಾರೂ ವಾದಿಸಲಿಲ್ಲ.

ಸಣ್ಣ ಕಾರಣಗಳು ಇನ್ನೂ ಇವೆ. ಅತ್ತರು, ಕ್ರೀಮಿನ ಕೌಂಟರುಗಳಲ್ಲಿ ನಿಂತವರಲ್ಲಿ ಹಲವರು ಆಯಾ ಬ್ರಾಂಡಿನ ಜನ. ಪಕ್ಕದ ಕಪಾಟಿನ ಬಗ್ಗೆ ಕೇಳಿದರೆ ‘ಅದು ನಮ್ಮ ಸೆಕ್ಷನ್ ಅಲ್ಲ’ ಎನ್ನುವುದು ಅವರ ಮಟ್ಟಿಗೆ ನಿಜ. ಬಿಲ್ಲಿಂಗಿನಲ್ಲಿ ಕೂತವರಿಗೆ ಮಳಿಗೆಯ ಕ್ರೆಡಿಟ್ ಕಾರ್ಡ್ ಮಾರುವ ಟಾರ್ಗೆಟ್ ಇರುತ್ತದೆ, ಏಕೆಂದರೆ ಅಮೆರಿಕದಲ್ಲಿ ಆ ಕಾರ್ಡುಗಳ ಬಡ್ಡಿ ಈಗ ವರ್ಷಕ್ಕೆ ಶೇ. 30ರ ಆಸುಪಾಸಿನಲ್ಲಿದೆ. ಸಾಲು ಬೆಳೆಯುತ್ತಿದ್ದರೂ ‘ಕಾರ್ಡ್ ಮಾಡಿಸಿಕೊಳ್ಳಿ’ ಎಂಬ ಮಾತು ನಿಲ್ಲದಿರುವುದು ಅದಕ್ಕೇ.

ಕಮಿಷನ್ ಕೊಟ್ಟರೆ ಸರಿಹೋಗುತ್ತದೆಯೇ?

ಸೇವೆಯ ಮಾತು ಬಂದಾಗ ಎಲ್ಲರೂ ಬೆರಳು ತೋರಿಸುವುದು ನಾರ್ಡ್‌ಸ್ಟ್ರಾಮ್ ಕಡೆಗೆ. ಸಿಯಾಟಲ್‌ನಲ್ಲಿ 1901ರಲ್ಲಿ ಚಪ್ಪಲಿ ಅಂಗಡಿಯಾಗಿ ಆರಂಭವಾದ ಈ ಸರಪಳಿ ಮಾರಾಟಗಾರರಿಗೆ ಕಮಿಷನ್ ಕೊಡುತ್ತದೆ, ವಿವೇಕ ಬಳಸಿ ತೀರ್ಮಾನಿಸಿ ಎಂದು ಅವರಿಗೇ ಬಿಡುತ್ತದೆ. ಅಲಾಸ್ಕಾದಲ್ಲಿ ಗಿರಾಕಿಯೊಬ್ಬ ಹಿಂದಿರುಗಿಸಿದ ಟೈರುಗಳಿಗೆ ಅದು ಹಣ ಕೊಟ್ಟ ಕಥೆ ಮ್ಯಾನೇಜ್‌ಮೆಂಟ್ ತರಗತಿಗಳಲ್ಲಿ ಸವೆದುಹೋಗಿದೆ. ನಾರ್ಡ್‌ಸ್ಟ್ರಾಮ್ ಟೈರು ಮಾರುವುದಿಲ್ಲ. ಆ ಜಾಗದಲ್ಲಿ ಮೊದಲಿದ್ದ ಅಂಗಡಿ ಮಾರುತ್ತಿತ್ತು.

ಆ ತರಗತಿಗಳಲ್ಲಿ ಅಷ್ಟಾಗಿ ಹೇಳದ ಕಥೆ 1990ರದು. ಗಿರಾಕಿಯ ಮನೆಗೆ ಸಾಮಾನು ತಲುಪಿಸುವುದು, ಧನ್ಯವಾದದ ಪತ್ರ ಬರೆಯುವುದು, ಸಭೆಗಳಿಗೆ ಹಾಜರಾಗುವುದು, ಇದನ್ನೆಲ್ಲ ಪಾಳಿ ಮುಗಿದ ಮೇಲೆ ಸಂಬಳವಿಲ್ಲದೆ ಮಾಡಿಸಲಾಗುತ್ತಿದೆ ಎಂದು ಕಾರ್ಮಿಕ ಸಂಘ ದೂರಿತು. ವಾಷಿಂಗ್ಟನ್ ರಾಜ್ಯದ ಕಾರ್ಮಿಕ ಇಲಾಖೆ ಆ ದೂರಿನಲ್ಲಿ ಹುರುಳಿದೆ ಎಂದಿತು. ಹಳೆಯ ಬಾಕಿ ತೀರಿಸಲು ಕಂಪನಿ 1.5 ಕೋಟಿ ಡಾಲರ್ ಎತ್ತಿಟ್ಟಿತು. ಹೆಸರುವಾಸಿ ಸೇವೆಯ ಒಂದು ಪಾಲು ಪುಕ್ಕಟೆ ದುಡಿಮೆಯಾಗಿತ್ತು.

ಕಮಿಷನ್ನಿನ ಇನ್ನೊಂದು ಮುಖ 1992ರಲ್ಲಿ ಸಿಯರ್ಸ್ ಮಳಿಗೆಗಳ ಕಾರು ರಿಪೇರಿ ವಿಭಾಗದಲ್ಲಿ ಕಂಡಿತು. ಕೆಲಸಗಾರರಿಗೆ ಕಮಿಷನ್ ಜೊತೆಗೆ ಇಂತಿಷ್ಟು ಬಿಡಿಭಾಗ ಮಾರಲೇಬೇಕೆಂಬ ಗುರಿ ಕೊಟ್ಟಿದ್ದರಿಂದ, ಕೆಡದ ಭಾಗಗಳನ್ನೂ ಬದಲಿಸುತ್ತಿದ್ದಾರೆ ಎಂದು ಕ್ಯಾಲಿಫೋರ್ನಿಯಾದ ಗ್ರಾಹಕ ಇಲಾಖೆ ಆರೋಪಿಸಿತು. ಸಿಯರ್ಸ್ ಆ ಪ್ರೋತ್ಸಾಹ ಪದ್ಧತಿಯನ್ನೇ ಕೈಬಿಟ್ಟು ರಾಜಿ ಮಾಡಿಕೊಂಡಿತು.

ಎರಡು ಅಂತ್ಯಗಳು, ಒಂದು ಪ್ರಯೋಗ

ಕ್ಯಾಟಲಾಗ್ ಮೂಲಕ ಅಮೆರಿಕದ ಹಳ್ಳಿಹಳ್ಳಿಗೂ ಸರಕು ಮುಟ್ಟಿಸಿದ ಸಿಯರ್ಸ್ 2005ರಲ್ಲಿ ಕೆಮಾರ್ಟ್ ಜೊತೆ ಒಂದಾಯಿತು. ಹೂಡಿಕೆದಾರ ಎಡ್ಡಿ ಲ್ಯಾಂಪರ್ಟ್ ಕಂಪನಿಯನ್ನು ಪರಸ್ಪರ ಪೈಪೋಟಿಗೆ ಇಳಿದ ತುಂಡುಗಳಾಗಿ ಒಡೆದರು. ಹಣ ಷೇರುಗಳ ಮರುಖರೀದಿಗೆ ಹರಿಯಿತು, ಮಳಿಗೆಗಳ ನೆಲ, ದೀಪ, ಛಾವಣಿಗೆ ಬರಲಿಲ್ಲ. 2018ರ ಅಕ್ಟೋಬರಿನಲ್ಲಿ ದಿವಾಳಿ ಅರ್ಜಿ ಹಾಕುವಾಗ ಸುಮಾರು 700 ಮಳಿಗೆಗಳಷ್ಟೇ ಉಳಿದಿದ್ದವು.

ಶಿಕಾಗೊದ ಮಾರ್ಷಲ್ ಫೀಲ್ಡ್ಸ್ ಸತ್ತದ್ದು ಬೇರೆ ಬಗೆಯಲ್ಲಿ. ಮೇಸಿಸ್ ಮಾಲೀಕ ಕಂಪನಿ ಅದನ್ನು ಕೊಂಡು 2006ರ ಸೆಪ್ಟೆಂಬರಿನಲ್ಲಿ ಹೆಸರನ್ನೇ ಅಳಿಸಿತು. ಊರಿನವರು ಅಂಗಡಿಯ ಗಡಿಯಾರದ ಕೆಳಗೆ ನಿಂತು ಪ್ರತಿಭಟಿಸಿದರು. ಒಂದು ಅಂಗಡಿಯ ಹೆಸರಿಗಾಗಿ ಜನ ಬೀದಿಗಿಳಿಯಬೇಕಾದರೆ ಅದರ ಜೊತೆ ಅವರಿಗಿದ್ದ ಋಣ ಎಂಥದ್ದಿರಬೇಕು!

ಅದೇ ಮೇಸಿಸ್ ಮುಂದೆ ಶೂ ವಿಭಾಗದಲ್ಲಿ ಪೆಟ್ಟಿಗೆಗಳನ್ನು ಬಯಲಲ್ಲಿ ಜೋಡಿಸಿ, ಗಿರಾಕಿಯೇ ತನ್ನ ಅಳತೆ ಹುಡುಕಿಕೊಳ್ಳಲಿ ಎಂದು ಬಿಟ್ಟಿತು. 2024ರ ಫೆಬ್ರುವರಿಯಲ್ಲಿ ಹೊಸ ಮುಖ್ಯಸ್ಥ ಟೋನಿ ಸ್ಪ್ರಿಂಗ್ ಸುಮಾರು 150 ಮಳಿಗೆಗಳನ್ನು ಮುಚ್ಚುವ ಯೋಜನೆ ಪ್ರಕಟಿಸಿದರು. ಅದರ ಜೊತೆಗೇ ಇನ್ನೊಂದು ಪ್ರಯೋಗವಿತ್ತು: ಆಯ್ದ 50 ಮಳಿಗೆಗಳಲ್ಲಿ ಶೂ ವಿಭಾಗಕ್ಕೂ ಟ್ರಯಲ್ ರೂಮಿಗೂ ಮತ್ತೆ ಜನರನ್ನು ನೇಮಿಸುವುದು. ಕಂಪನಿಯ ಉಳಿದ ಮಳಿಗೆಗಳಲ್ಲಿ ವ್ಯಾಪಾರ ಇಳಿಯುತ್ತಿದ್ದಾಗ ಇವುಗಳಲ್ಲಿ ಏರಿತು. 2025ರಲ್ಲಿ ಈ ಕ್ರಮ 125 ಮಳಿಗೆಗಳಿಗೆ ವಿಸ್ತರಿಸಿತು.

ಭಾರತದಲ್ಲಿ

ನಮ್ಮಲ್ಲಿ ಈ ಬಗೆಯ ಸರಪಳಿ ಮಳಿಗೆಗಳು ತಡವಾಗಿ ಬಂದವು. ಶಾಪರ್ಸ್ ಸ್ಟಾಪ್ 1991ರಲ್ಲಿ ಮುಂಬೈನ ಅಂಧೇರಿಯಲ್ಲಿ ಶುರುವಾಯಿತು. ಲಿಟಲ್‌ವುಡ್ಸ್ ಕಂಪನಿಗೆ ಬೆಂಗಳೂರಿನಲ್ಲಿದ್ದ ಮಳಿಗೆಯನ್ನು 1998ರಲ್ಲಿ ಟಾಟಾದವರು ಕೊಂಡದ್ದರಿಂದ ವೆಸ್ಟ್‌ಸೈಡ್ ಹುಟ್ಟಿತು. ಆದರೆ ದಕ್ಷಿಣ ಭಾರತದಲ್ಲಿ ಉಪಚಾರದ ಪರಂಪರೆ ಇರುವುದು ಬಹುಮಹಡಿ ಜವಳಿ ಅಂಗಡಿಗಳಲ್ಲಿ. ಅಲ್ಲಿ ಐವತ್ತು ಸೀರೆ ಬಿಡಿಸಿ ತೋರಿಸಿದವರೇ ಐವತ್ತನ್ನೂ ಮಡಚಿಡಬೇಕು. ಕೂರುವಂತಿಲ್ಲ ಎಂಬ ನಿಯಮದ ವಿರುದ್ಧ ಕೇರಳದ ಅಂಗಡಿ ಹೆಣ್ಣುಮಕ್ಕಳು ಹೋರಾಡಿದ ಮೇಲೆ 2018ರಲ್ಲಿ ಅಲ್ಲಿನ ಸರ್ಕಾರ ಕಾಯ್ದೆ ತಿದ್ದಿ ಆಸನ ಒದಗಿಸುವುದನ್ನು ಕಡ್ಡಾಯ ಮಾಡಿತು. ತಮಿಳುನಾಡು 2021ರಲ್ಲಿ ಅದೇ ಹೆಜ್ಜೆ ಇಟ್ಟಿತು.

ಗಿರಾಕಿಯ ಕಡೆಯಿಂದ ನೋಡಿದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ತಕ್ಕಮಟ್ಟಿಗೆ ಕೈಹಿಡಿಯುತ್ತದೆ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ನಮೂದಿಸಿಲ್ಲದಿದ್ದರೆ 30 ದಿನದೊಳಗೆ, ಹಿಂಪಡೆಯಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ‘ಒಮ್ಮೆ ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ’ ಎಂಬ ಬಿಲ್ಲಿನ ಅಡಿಬರಹ ದೋಷವಿರುವ ಸರಕಿಗೆ ಅನ್ವಯಿಸದು. ಕೈಚೀಲಕ್ಕೆ ದುಡ್ಡು ಕೀಳುವುದರ ವಿರುದ್ಧ ರಾಷ್ಟ್ರೀಯ ಗ್ರಾಹಕ ಆಯೋಗ 2020ರಲ್ಲಿ ಬಿಗ್ ಬಜಾರ್ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಬಿಲ್ ಹಾಕಲು ಮೊಬೈಲ್ ನಂಬರ್ ಕೊಡಲೇಬೇಕೆಂದು ಒತ್ತಾಯಿಸಬೇಡಿ ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲಿ ಅಂಗಡಿಗಳಿಗೆ ಸೂಚಿಸಿತು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಸರಕಿನ ದೋಷ, ಬಿಲ್ಲು, ಚೀಲದ ದುಡ್ಡಿನ ಬಗ್ಗೆ ಅಲ್ಲಿ ದೂರು ಕೊಡಬಹುದು. ಒಂದು ಮಹಡಿಗೆ ಎಷ್ಟು ಮಾರಾಟಗಾರರಿರಬೇಕೆಂದು ಮಾತ್ರ ಈ ಕಾಯ್ದೆ ಹೇಳುವುದಿಲ್ಲ. ಅದನ್ನು ಮಳಿಗೆಯವರೇ ತೀರ್ಮಾನಿಸುತ್ತಾರೆ.