ನೇಪಲ್ಸಿನಲ್ಲಿ ಸೋಮಾರಿಗಳನ್ನು ಹುಡುಕಿದವನ ಕಥೆ

ಇಟಲಿ ಅಂದರೆ ಈಗ ನಮ್ಮ ಫೋನಿನಲ್ಲಿ ಬರುವುದು ಪಿಜ್ಜಾ, ಪಾಸ್ತಾ, ವಾಲಿದ ಗೋಪುರ, ನೀರಿನ ಬೀದಿಯ ವೆನಿಸ್. ಗೆಳೆಯರಿಬ್ಬರು ಹೋಗುತ್ತಾರೆ, ತಿನ್ನುತ್ತಾರೆ, ನೋಡುತ್ತಾರೆ, ವಿಡಿಯೊ ಹಾಕುತ್ತಾರೆ. ಇದೇನೂ ಹೊಸ ರೂಢಿಯಲ್ಲ. ಮುನ್ನೂರು ವರ್ಷದ ಹಿಂದೆಯೇ ಯುರೋಪಿನ ಶ್ರೀಮಂತರ ಮಕ್ಕಳು ಓದು ಮುಗಿಸಿದ ಮೇಲೆ ಇಟಲಿ ಸುತ್ತಿ ಬರುವುದು ಒಂದು ಸಂಪ್ರದಾಯವಾಗಿತ್ತು. ಅದಕ್ಕೆ ‘ಗ್ರ್ಯಾಂಡ್ ಟೂರ್’ ಅನ್ನುತ್ತಿದ್ದರು. ಹಳೆಯ ರೋಮಿನ ಕಟ್ಟಡ ನೋಡಬೇಕು, ಚಿತ್ರ ಕೊಳ್ಳಬೇಕು, ಊರಿಗೆ ಬಂದು ಹೇಳಿಕೊಳ್ಳಬೇಕು.

ಹಾಗೆ ಹೋದವರಲ್ಲಿ ಒಬ್ಬರ ಪ್ರವಾಸವನ್ನು ನಾವು ಇಲ್ಲಿ ಹೇಳುತ್ತೇವೆ. ಅವರು ಜರ್ಮನಿಯ ಕವಿ ಗಯಟೆ. ಮುಂದೆ 1791ರಲ್ಲಿ ನಮ್ಮ ಕಾಳಿದಾಸನ ಶಾಕುಂತಲವನ್ನು ಜರ್ಮನ್ ಅನುವಾದದಲ್ಲಿ ಓದಿ, ಅದನ್ನು ಹೊಗಳಿ ಪದ್ಯ ಬರೆದವರು ಇವರೇ. ಎಲ್ಲ ಪ್ರವಾಸಿಗಳಂತೆ ಇವರೂ ಗುಡಿ ಗೋಪುರ ನೋಡಿದರು. ಜೊತೆಗೆ ಒಂದು ಮಾತನ್ನು ಪರೀಕ್ಷೆ ಮಾಡಿದರು: ಬಡವರು ಸೋಮಾರಿಗಳು ಅನ್ನುವ ಮಾತು. ನಾವು ಈ ಬರಹ ಬರೆಯಲು ಕಾರಣ ಅದು.

ಸುಳ್ಳು ಹೆಸರಿನ ಪ್ರಯಾಣಿಕ

ಆಗ ಗಯಟೆಗೆ 37 ವರ್ಷ. ವೈಮಾರ್ ಎಂಬ ಸಣ್ಣ ರಾಜ್ಯದಲ್ಲಿ ಮಂತ್ರಿ. ಹತ್ತು ವರ್ಷದ ಕಡತ, ಸಭೆ, ದರಬಾರು ಸಾಕಾಗಿಹೋಗಿತ್ತು. 1786ರ ಸೆಪ್ಟೆಂಬರ್ 3ರಂದು ಬೆಳಗಿನ ಜಾವ ಮೂರು ಗಂಟೆಗೆ, ಕಾರ್ಲ್ಸ್‌ಬಾಡ್ ಊರಿನಲ್ಲಿ ಜೊತೆಗಿದ್ದವರಿಗೂ ಹೇಳದೆ ಕುದುರೆ ಗಾಡಿ ಹತ್ತಿದರು. ಹೆಸರು ಕೇಳಿದವರಿಗೆ ‘ಮೊಲ್ಲರ್’ ಅಂತ ಹೇಳುತ್ತಿದ್ದರು.

ಆಗ ಇಟಲಿ ಒಂದು ದೇಶವಾಗಿರಲಿಲ್ಲ. ಒಂದಾಗಿದ್ದು 1861ರಲ್ಲಿ. ವೆನಿಸ್ ಒಂದು ಗಣರಾಜ್ಯ, ರೋಮ್ ಪೋಪರ ಆಳ್ವಿಕೆ, ನೇಪಲ್ಸ್ ಮತ್ತು ಸಿಸಿಲಿಗೆ ಬೇರೆ ರಾಜ. ಹೆಜ್ಜೆಹೆಜ್ಜೆಗೂ ಗಡಿ, ಗಡಿಗೊಂದು ಅನುಮಾನ.

ಆ ಅನುಮಾನದ ರುಚಿ ಗಾರ್ಡಾ ಸರೋವರದ ದಡದ ಮಾಲ್ಚೆಸಿನೆ ಎಂಬ ಊರಲ್ಲಿ ಸಿಕ್ಕಿತು. ಗಾಳಿ ತಿರುಗಿ ದೋಣಿ ಅಲ್ಲಿ ನಿಲ್ಲಬೇಕಾಯಿತು. ಗಯಟೆ ಹಾಳುಬಿದ್ದ ಕೋಟೆಯ ಮುಂದೆ ಕೂತು ಚಿತ್ರ ಬರೆಯತೊಡಗಿದರು. ಜನ ಸೇರಿದರು. ಒಬ್ಬ ಬಂದು ಹಾಳೆ ಹರಿದು ಹಾಕಿದ. ಊರಿನ ಅಧಿಕಾರಿ ಬಂದ. ಇವನು ಆಸ್ಟ್ರಿಯಾ ಚಕ್ರವರ್ತಿಯ ಗೂಢಚಾರ ಅಂತ ಗುಸುಗುಸು ಶುರುವಾಯಿತು. ಕೊನೆಗೆ ಫ್ರಾಂಕ್‌ಫರ್ಟಿನಲ್ಲಿ ಕೆಲಸ ಮಾಡಿ ಬಂದಿದ್ದ ಊರಿನವನೊಬ್ಬನನ್ನು ಕರೆಸಿದರು. ಅದು ಗಯಟೆ ಹುಟ್ಟಿದ ಊರು. ಆ ಬೀದಿ, ಆ ಮನೆತನ ಎಂದು ಇಬ್ಬರೂ ಮಾತಾಡಿದ ಮೇಲೆ ಅನುಮಾನ ಕರಗಿತು. ಗೂಢಚಾರ ಅತಿಥಿಯಾದ. ಆ ಮನುಷ್ಯ ತನ್ನ ತೋಟಕ್ಕೆ ಕರೆದುಕೊಂಡು ಹೋಗಿ ಹಣ್ಣು ತಿನ್ನಿಸಿದ.

ಮೆಕ್ಕೆಜೋಳದ ಮುದ್ದೆ

ಆಲ್ಪ್ಸ್ ಬೆಟ್ಟ ಇಳಿದ ಕೂಡಲೇ ಗಯಟೆ ಜನರ ಮುಖ ನೋಡಿದರು. ಕಳೆಗುಂದಿದ ಮುಖಗಳು, ಮಕ್ಕಳದ್ದೂ ಹಾಗೇ. ಇವರು ಏನು ತಿನ್ನುತ್ತಾರೆ ಅಂತ ವಿಚಾರಿಸಿದರು. ಮೆಕ್ಕೆಜೋಳದ ಹಿಟ್ಟನ್ನು ನೀರಲ್ಲಿ ಗಟ್ಟಿಯಾಗಿ ಬೇಯಿಸಿದ ಮುದ್ದೆ, ಅದೇ ಪೊಲೆಂತಾ. ಬೆಟ್ಟದ ಆಚೆಯ ಜರ್ಮನ್ ಜನ ಅದನ್ನು ಬೆಣ್ಣೆಯಲ್ಲಿ ಹುರಿದು ತಿಂದರೆ, ಇಲ್ಲಿಯವರು ಬರಿದೇ ತಿನ್ನುತ್ತಿದ್ದರು. ಒಮ್ಮೊಮ್ಮೆ ಮೇಲೆ ಸ್ವಲ್ಪ ಚೀಸ್. ವರ್ಷವಿಡೀ ಮಾಂಸ ಇಲ್ಲ.

ತಂಗಿದ್ದ ಮನೆಯ ಯಜಮಾನಿಯ ಮಗಳನ್ನು ಕೇಳಿದರು: ನಿಮ್ಮಲ್ಲಿ ಅನುಕೂಲಸ್ಥ ರೈತರಿಲ್ಲವೇ? ಇದ್ದಾರೆ ಅಂದಳು. ಅವರಾದರೂ ಚೆನ್ನಾಗಿ ಉಣ್ಣುವುದಿಲ್ಲವೇ? ಇಲ್ಲ, ಇದೇ ರೂಢಿ. ಹಾಗಾದರೆ ದುಡ್ಡು ಎಲ್ಲಿ ಹೋಗುತ್ತದೆ? ಅದನ್ನು ಹಗುರ ಮಾಡಲು ಒಡೆಯರಿದ್ದಾರಲ್ಲ ಅಂದಳಂತೆ ಹುಡುಗಿ.

ಅಂಟಂಟು ಊಟದಿಂದ ದೇಹದ ನಾಳಗಳು ಕಟ್ಟಿಕೊಳ್ಳುತ್ತವೆ ಅಂತ ಗಯಟೆ ಊಹಿಸಿದರು. ಆ ಕಾರಣ ತಪ್ಪು. ಆದರೆ ಊಟದ ಮೇಲೆ ಅನುಮಾನ ಪಟ್ಟದ್ದು ಸರಿ. ಅದೇ ಕಾಲದಲ್ಲಿ ಉತ್ತರ ಇಟಲಿಯ ಬಡ ರೈತರಲ್ಲಿ ಚರ್ಮ ಒರಟಾಗಿ, ಹೊಟ್ಟೆ ಕೆಟ್ಟು, ಕೊನೆಗೆ ಬುದ್ಧಿ ಭ್ರಮಣೆಯಾಗುವ ರೋಗ ಹಬ್ಬುತ್ತಿತ್ತು. 1771ರಲ್ಲಿ ಮಿಲಾನಿನ ವೈದ್ಯ ಫ್ರಾಪೊಲ್ಲಿ ಅದನ್ನು ‘ಪೆಲಾಗ್ರ’ ಎಂಬ ಹೆಸರಿನಲ್ಲಿ ವಿವರಿಸಿದ್ದರು. ಒರಟು ಚರ್ಮ ಅಂತ ಅರ್ಥ.

ಮೆಕ್ಕೆಜೋಳ ಅಮೆರಿಕ ಖಂಡದಿಂದ ಬಂದ ಬೆಳೆ. ಅಲ್ಲಿಯ ಮೂಲ ಜನ ಕಾಳನ್ನು ಸುಣ್ಣದ ನೀರಲ್ಲಿ ಬೇಯಿಸಿ ನೆನೆಹಾಕಿ ಆಮೇಲೆ ಅರೆಯುತ್ತಿದ್ದರು. ಆಗ ಅದರೊಳಗಿನ ನಿಯಾಸಿನ್ ಎಂಬ ಜೀವಸತ್ವ ದೇಹಕ್ಕೆ ಸಿಗುತ್ತದೆ. ಯುರೋಪಿನವರು ಬೀಜ ತಂದರು, ಅಡುಗೆಯ ಆ ಜಾಣತನ ತರಲಿಲ್ಲ. ಜೊತೆಗೆ ಬೇರೆ ಆಹಾರ ಕೊಳ್ಳುವ ಶಕ್ತಿ ಇಲ್ಲದವರು ರೋಗಕ್ಕೆ ಸಿಕ್ಕಿದರು. ನಿಯಾಸಿನ್ ಕೊರತೆಯೇ ಕಾರಣ ಅಂತ ಗೊತ್ತಾಗಲು 1937 ಬರಬೇಕಾಯಿತು. ನಮ್ಮ ದಖ್ಖನ್ನಿಗೂ ಇದು ಬಂದಿತ್ತು. ಜೋಳವೊಂದನ್ನೇ ನಂಬಿದ ಬಡವರಲ್ಲಿ ಪೆಲಾಗ್ರ ಇರುವುದನ್ನು ಹೈದರಾಬಾದಿನಲ್ಲಿ ಸಂಶೋಧನೆ ಮಾಡುತ್ತಿದ್ದ ಸಿ. ಗೋಪಾಲನ್ ಮತ್ತು ಸಂಗಡಿಗರು 1960ರ ಸುಮಾರಿಗೆ ತೋರಿಸಿದರು. ತಪ್ಪು ಜೋಳದ ರೊಟ್ಟಿಯದಲ್ಲ. ರೊಟ್ಟಿಯ ಜೊತೆ ಬೇಳೆ, ಸೊಪ್ಪು, ಹಾಲು ಇಲ್ಲದ ಬಡತನದ್ದು.

ಗೆಳೆಯ ಸಿಕ್ಕ

ಪಡುವಾದಲ್ಲಿ 1545ರಲ್ಲಿ ಶುರುವಾದ ಸಸ್ಯತೋಟ ನೋಡಿದರು. ಅಲ್ಲಿ ಅವರು ಬೆರಗಾಗಿ ನೋಡಿದ ತಾಳೆ ಜಾತಿಯ ಗಿಡವನ್ನು ನೆಟ್ಟದ್ದು 1585ರಲ್ಲಿ. ಈಗಲೂ ಬದುಕಿದೆ, ‘ಗಯಟೆಯ ತಾಳೆ’ ಅಂತಲೇ ಹೆಸರು. ವೆನಿಸ್ ದಾಟಿ ಅಕ್ಟೋಬರ್ 29ಕ್ಕೆ ರೋಮ್ ಸೇರಿದರು. ಅಲ್ಲಿ ಟಿಶ್‌ಬೈನ್ ಎಂಬ ಚಿತ್ರಕಾರ ಗೆಳೆಯ ತನ್ನ ಬಿಡಾರದಲ್ಲೇ ಜಾಗ ಕೊಟ್ಟ. ಬಿಳಿ ನಿಲುವಂಗಿ, ದೊಡ್ಡ ಟೋಪಿ ಹಾಕಿ ಹಳೆಯ ಕಲ್ಲುಗಳ ಮೇಲೆ ಒರಗಿದ ಗಯಟೆಯ ಪ್ರಸಿದ್ಧ ಚಿತ್ರ ಬರೆದದ್ದು ಇವನೇ. ಆ ಚಿತ್ರದಲ್ಲಿ ಗಯಟೆಗೆ ಎರಡೂ ಎಡಗಾಲು ಇದ್ದ ಹಾಗೆ ಕಾಣುತ್ತದೆ ಅಂತ ಜನ ಇಂದಿಗೂ ನಗುತ್ತಾರೆ.

1787ರ ಫೆಬ್ರುವರಿಯಲ್ಲಿ ಇಬ್ಬರೂ ನೇಪಲ್ಸಿಗೆ ಹೊರಟರು. ವೆಸೂವಿಯಸ್ ಜ್ವಾಲಾಮುಖಿ ಆಗ ಕಲ್ಲು ಉಗುಳುತ್ತಿತ್ತು. ತಲೆಗೆ ಪೆಟ್ಟಾಗದಿರಲಿ ಅಂತ ಟೋಪಿಯೊಳಗೆ ಬಟ್ಟೆ ತುರುಕಿಕೊಂಡು ಹತ್ತಿದರು. ಟಿಶ್‌ಬೈನ್‌ಗೆ ಈ ಸಾಹಸ ಹಿಡಿಸಲಿಲ್ಲ, ಕೆಳಗೇ ನಿಂತ. ಗಯಟೆ ದಾರಿ ತೋರಿಸುವವನ ಜೊತೆ ಬಾಯಿಯವರೆಗೂ ಹೋಗಿ ಬಂದರು.

ಸಿಸಿಲಿಗೆ ಟಿಶ್‌ಬೈನ್ ಬರಲಾಗಲಿಲ್ಲ. ಬದಲಿಗೆ ಕ್ನೀಪ್ ಎಂಬ ಇನ್ನೊಬ್ಬ ಚಿತ್ರಕಾರನನ್ನು ಜೊತೆ ಮಾಡಿಕೊಟ್ಟ. ಒಪ್ಪಂದ ಸರಳ: ಖರ್ಚು ಗಯಟೆಯದು, ದಾರಿಯಲ್ಲಿ ಚಿತ್ರ ಬರೆಯುವುದು ಕ್ನೀಪನದು. ಈಗ ನಾವು ಫೋಟೊ ತೆಗೆಯಲು ಬರುವ ಗೆಳೆಯನನ್ನು ಕರೆದೊಯ್ಯುವ ಹಾಗೆ.

ಹಸಿರು ಪರದೆಯ ಹಿಂದಿನ ಕೈಗಳು

ಸಿಸಿಲಿಯ ಜಿರ್ಜೆಂತಿ ಊರಲ್ಲಿ, ಅಂದರೆ ಈಗಿನ ಅಗ್ರಿಜೆಂತೊದಲ್ಲಿ, ಉಳಿಯಲು ಛತ್ರ ಇರಲಿಲ್ಲ. ಒಂದು ಸಂಸಾರ ತಮ್ಮ ದೊಡ್ಡ ಕೋಣೆಯ ಒಂದು ಭಾಗ ಬಿಟ್ಟುಕೊಟ್ಟಿತು. ನಡುವೆ ಹಸಿರು ಪರದೆ. ಪರದೆಯ ಆಚೆ ಮನೆಯ ಹೆಣ್ಣುಮಕ್ಕಳು ಕೂತು ಗಟ್ಟಿ ಗೋಧಿಯ ಹಿಟ್ಟಿನಿಂದ ಬೆರಳಲ್ಲೇ ಸಣ್ಣ ಸಣ್ಣ ಪಾಸ್ತಾ ಹೊಸೆಯುತ್ತಿದ್ದರು. ನಮ್ಮ ಮನೆಗಳಲ್ಲಿ ಅಜ್ಜಿಯರು ಶಾವಿಗೆ ಹೊಸೆಯುತ್ತಿದ್ದದ್ದು ನೆನಪಿದ್ದವರಿಗೆ ಆ ಕೋಣೆ ಹೇಗಿತ್ತು ಅಂತ ವಿವರಿಸಬೇಕಾಗಿಲ್ಲ.

ಸಿಸಿಲಿ ಅಂದರೆ ಹಳೆಯ ರೋಮಿನ ಕಾಲದಿಂದ ಗೋಧಿಯ ಕಣಜ. ಆದರೆ ಕರಾವಳಿಯಲ್ಲಿ ಗೋಧಿ ಹೊಲ ಹೆಚ್ಚು ಕಾಣಲೇ ಇಲ್ಲ. ಆ ಮಾತು ನಿಜವೇ ನೋಡೋಣ ಅಂತ ಗಯಟೆ, ಪ್ರಸಿದ್ಧ ಸಿರಾಕ್ಯೂಸ್ ನಗರವನ್ನೇ ಬಿಟ್ಟು ನಾಡಿನ ಒಳಕ್ಕೆ ತಿರುಗಿದರು. ಗುಡ್ಡದ ಮೇಲೆ ಗುಡ್ಡ, ಕಣ್ಣು ಹಾಯುವವರೆಗೂ ಗೋಧಿ, ಬಿಸಿಲಿಗೆ ನಿಲ್ಲಲು ಒಂದು ಮರವಿಲ್ಲ.

ಕಾಲ್ತನಿಸೆತ್ತ ಊರು ಸೇರಿದಾಗ ಊಟಕ್ಕೆ ಪೇಚು. ಗಾಡಿಯವನು ಕೋಳಿ ಕೊಂಡಿದ್ದ, ಅಕ್ಕಿ ಉಪ್ಪು ಮಸಾಲೆ ತಂದ. ಬೇಯಿಸುವುದು ಎಲ್ಲಿ? ಕೊನೆಗೆ ಊರಿನ ಹಿರಿಯರೊಬ್ಬರು ಸ್ವಲ್ಪ ದುಡ್ಡಿಗೆ ಒಲೆ, ಸೌದೆ, ಪಾತ್ರೆ ಕೊಟ್ಟರು. ಸಂಜೆ ಚೌಕದಲ್ಲಿ ಊರಿನವರು ಕೂತಿದ್ದರು, ನಮ್ಮ ಅರಳಿಕಟ್ಟೆಯ ಹಾಗೆ. ಪ್ರಶ್ಯದ ರಾಜ ಫ್ರೆಡರಿಕ್ ಬಗ್ಗೆ ಹೇಳಿ ಅಂತ ದುಂಬಾಲು ಬಿದ್ದರು. ಆ ರಾಜ ಹಿಂದಿನ ವರ್ಷದ ಆಗಸ್ಟಿನಲ್ಲೇ ತೀರಿಕೊಂಡಿದ್ದ. ಆ ಜನರ ಅಭಿಮಾನ ನೋಡಿ, ಕೆಟ್ಟ ಸುದ್ದಿ ತಂದವರಾಗುವುದು ಬೇಡ ಅಂತ ಪ್ರವಾಸಿಗಳು ಸುಮ್ಮನಿದ್ದರು.

ಮೆಸಿನಾದಲ್ಲಿ 1783ರ ಭೂಕಂಪದ ಗಾಯ ಹಾಗೇ ಇತ್ತು. ಊರು ಬಿದ್ದು ನಾಲ್ಕು ವರ್ಷವಾದರೂ ಜನ ಹಲಗೆಯ ಗುಡಿಸಲುಗಳಲ್ಲಿದ್ದರು. ಅಲ್ಲಿಂದ ಹಡಗು ಹತ್ತಿ ಮೇ ತಿಂಗಳಲ್ಲಿ ನೇಪಲ್ಸಿಗೆ ಮರಳಿದರು.

ಮೂವತ್ತು ಸಾವಿರ ಸೋಮಾರಿಗಳು ಎಲ್ಲಿ?

ಆ ಕಾಲದ ಜರ್ಮನ್ ಪ್ರವಾಸಿಗಳ ಕೈಯಲ್ಲಿ ಫೋಕ್‌ಮನ್ ಎಂಬುವರ ಮಾರ್ಗದರ್ಶಿ ಪುಸ್ತಕ ಇರುತ್ತಿತ್ತು. ನೇಪಲ್ಸಿನಲ್ಲಿ 30ರಿಂದ 40 ಸಾವಿರ ಮಂದಿ ಕೆಲಸವಿಲ್ಲದೆ ಬಿದ್ದಿರುತ್ತಾರೆ ಅಂತ ಅದರಲ್ಲಿ ಬರೆದಿತ್ತು. ಬೀದಿಯ ಬಡವರಿಗೆ ‘ಲಾಜರೋನಿ’ ಅನ್ನುವ ಹೆಸರೂ ಇತ್ತು. ಬಂದ ಪ್ರವಾಸಿಗಳು ಅದನ್ನೇ ಓದಿ, ಅದನ್ನೇ ನೋಡಿ, ಅದನ್ನೇ ಹೇಳುತ್ತಿದ್ದರು.

ಗಯಟೆ ಲೆಕ್ಕ ತೆಗೆಯಲು ಹೊರಟರು. ಬೇರೆಬೇರೆ ಹೊತ್ತಿನಲ್ಲಿ ಬೀದಿಗೆ ಹೋದರು. ಸುಮ್ಮನೆ ಕೂತ ಒಬ್ಬೊಬ್ಬರನ್ನೂ ಬಟ್ಟೆ, ಚಹರೆ, ನಡವಳಿಕೆಯಿಂದ ಗುರುತಿಸಿದರು. ನಿಂತವನು ಕೂಲಿ, ಮೂಟೆ ಹೊರಲು ಕರೆ ಬರಲಿ ಅಂತ ತನ್ನ ಜಾಗದಲ್ಲಿ ಕಾಯುತ್ತಿದ್ದಾನೆ. ಇವನು ಬಾಡಿಗೆ ಗಾಡಿಯವನು, ಕುದುರೆಗೆ ಮೇವು ಹಾಕಿ ಗಿರಾಕಿ ನೋಡುತ್ತಿದ್ದಾನೆ. ಬಿಸಿಲಲ್ಲಿ ಮಲಗಿದವನು ಮೀನುಗಾರ, ಗಾಳಿ ಇಂದು ಎದುರಿಗಿದೆ. ಮಕ್ಕಳೂ ದುಡಿಯುತ್ತಿದ್ದರು. ಬಡಗಿಗಳು ಕೆತ್ತುವಲ್ಲಿ ಬಿದ್ದ ಚಕ್ಕೆ ಆರಿಸಿ, ಬುಟ್ಟಿಗೆ ತುಂಬಿ, ಒಲೆಗೆ ಬೇಕಾದವರಿಗೆ ಮಾರುತ್ತಿದ್ದರು.

ಊಟದ ವ್ಯಾಪಾರವೂ ಬೀದಿಯಲ್ಲೇ. ನೇಪಲ್ಸಿನವರನ್ನು ಮೊದಲು ‘ಸೊಪ್ಪು ತಿನ್ನುವವರು’ ಅಂತ ಹಂಗಿಸುತ್ತಿದ್ದರು. 1600ರ ನಂತರ, ಹಿಟ್ಟು ಒತ್ತುವ ಯಂತ್ರಗಳಿಂದ ಪಾಸ್ತಾ ಅಗ್ಗವಾಯಿತು. ಹೆಸರು ‘ಮ್ಯಾಕರೋನಿ ತಿನ್ನುವವರು’ ಅಂತ ಬದಲಾಯಿತು. ಗಯಟೆ ಕಂಡ ಮ್ಯಾಕರೋನಿಗೆ ಟೊಮೆಟೊ ಇರಲಿಲ್ಲ. ನೀರಲ್ಲಿ ಬೇಯಿಸಿ, ಮೇಲೆ ತುರಿದ ಚೀಸ್, ಅಷ್ಟೇ. ಟೊಮೆಟೊವೂ ಅಮೆರಿಕ ಖಂಡದ್ದೇ. ಪಾಸ್ತಾಕ್ಕೆ ಟೊಮೆಟೊ ಗೊಜ್ಜು ಬೆರೆಸುವ ವಿಧಾನ ನೇಪಲ್ಸಿನ ಕವಾಲ್ಕಾಂತಿಯ ಅಡುಗೆ ಪುಸ್ತಕದಲ್ಲಿ ಬಂದದ್ದು 1839ರಲ್ಲಿ. ಮೂಲೆಮೂಲೆಗೂ ಕಾದ ಎಣ್ಣೆಯ ಬಾಣಲೆ ಇತ್ತು. ಉಪವಾಸದ ದಿನ ಮಾಂಸ ತಿನ್ನದ ಜನ ಕರಿದ ಮೀನು, ಕರಿದ ಹಿಟ್ಟಿನ ತಿಂಡಿಯನ್ನು ಕಾಗದದ ಚೂರಿನಲ್ಲಿ ಕಟ್ಟಿಸಿಕೊಂಡು ಹೋಗುತ್ತಿದ್ದರು.

ಆದರೆ ನಮಗೆ ಹಿಡಿಸಿದ್ದು ಗೊಬ್ಬರದ ಲೆಕ್ಕ. ಪಟ್ಟಣದ ಸುತ್ತ ತರಕಾರಿ ತೋಟಗಳು. ಬೆಳಿಗ್ಗೆ ಕತ್ತೆಯ ಎರಡೂ ಬದಿಗೆ ಬುಟ್ಟಿ ಕಟ್ಟಿ ತರಕಾರಿ ಬರುತ್ತಿತ್ತು. ತಿಂದು ಬಿಸಾಡಿದ ಕೋಸಿನ ಎಲೆ, ಈರುಳ್ಳಿ ಸಿಪ್ಪೆ, ಕುದುರೆ ಮತ್ತು ಹೇಸರಗತ್ತೆಯ ಲದ್ದಿ ಅದೇ ಬುಟ್ಟಿಯಲ್ಲಿ ತೋಟಕ್ಕೆ ಮರಳುತ್ತಿತ್ತು. ಕೆಲವರು ಕೂಡಿ ಒಂದು ಕತ್ತೆ ಕೊಂಡು, ದೊಡ್ಡ ಹಿಡುವಳಿದಾರನಿಂದ ಒಂದು ತುಂಡು ನೆಲ ಗುತ್ತಿಗೆ ಹಿಡಿದು ಬದುಕು ಕಟ್ಟಿಕೊಳ್ಳುತ್ತಿದ್ದರು. ನಡುರಾತ್ರಿ ನಾಟಕ ನೋಡಿ ಗಾಡಿಯಲ್ಲಿ ಮನೆಗೆ ಹೋಗುವ ಸಾಹುಕಾರನಿಗೆ, ಬೆಳಕು ಹರಿಯುವ ಮೊದಲೇ ತನ್ನ ಕುದುರೆಯ ಹೆಜ್ಜೆ ಹಿಡಿದು ಒಬ್ಬ ಲದ್ದಿ ಬಾಚಲು ಬರುತ್ತಾನೆ ಅನ್ನುವುದು ಗೊತ್ತೇ ಇರುವುದಿಲ್ಲ ಅನ್ನುತ್ತಾರೆ ಗಯಟೆ.

ಕೊನೆಗೆ ಅವರು ಹೇಳಿದ್ದು ಇಷ್ಟು: ಬಡವರಲ್ಲಿ ನಿಜವಾದ ಸೋಮಾರಿಗಳು ಸಿಗಲಿಲ್ಲ. ಉತ್ತರದ ಚಳಿಯ ನಾಡಿನವರು ಆರು ತಿಂಗಳ ಮುಂಚೆಯೇ ಸೌದೆ, ಕಾಳು ಕೂಡಿಡಬೇಕು. ಬೆಚ್ಚಗಿನ ನಾಡಿನವರಿಗೆ ಆ ಹಂಗಿಲ್ಲ. ಅವರ ಅಳತೆಗೋಲಲ್ಲಿ ಇವರನ್ನು ಅಳೆದದ್ದೇ ತಪ್ಪು.

ನೋಡುವವರ ಕಣ್ಣು

ಗಯಟೆ ಎಲ್ಲವನ್ನೂ ಹೀಗೆ ನೋಡಿದರು ಅಂತಲ್ಲ. ಅಸ್ಸಿಸಿಗೆ ಹೋಗಿ ರೋಮನ್ ಕಾಲದ ಗುಡಿಯೊಂದನ್ನೇ ನೋಡಿದರು. ಲೋಕವೇ ಮೆಚ್ಚುವ ಸಂತ ಫ್ರಾನ್ಸಿಸ್ ಚರ್ಚಿನ ಕಡೆ ತಿರುಗಲೂ ಇಲ್ಲ. ಬೀದಿಯ ಬಡವರ ಖುಷಿಯನ್ನು ಬರೆದಷ್ಟು ಅವರ ಕಷ್ಟವನ್ನು ಬರೆಯಲಿಲ್ಲ. ಪುಸ್ತಕ ಬಂದದ್ದೂ ಮೂವತ್ತು ವರ್ಷದ ಮೇಲೆ, 1816ರಿಂದ. ಹಳೆಯ ಪತ್ರ, ದಿನಚರಿಯನ್ನು ತಿದ್ದಿ ಬರೆದದ್ದು.

ಆದರೂ ಸುದ್ದಿ ಬರೆಯುವುದನ್ನು ಕಲಿತ ನಮಗೆ ಆ ನೇಪಲ್ಸಿನ ಪುಟಗಳು ಪಾಠವೇ. ಹಳ್ಳಿಯ ಕಟ್ಟೆಯಲ್ಲಿ ಮಧ್ಯಾಹ್ನ ಕೂತವರನ್ನು ಕಾರಿನಿಂದ ನೋಡಿ ‘ಈ ಜನಕ್ಕೆ ದುಡಿಯುವ ಮನಸ್ಸಿಲ್ಲ’ ಅನ್ನುವವರನ್ನು ನಾವೆಲ್ಲ ಕೇಳಿದ್ದೇವೆ. ಕೂತವರು ಬೆಳಗಿನ ಜಾವವೇ ಹಾಲು ಕರೆದು ಡೇರಿಗೆ ಹಾಕಿ ಬಂದಿರಬಹುದು, ರಾತ್ರಿ ಮೂರು ಗಂಟೆಗೆ ಕರೆಂಟು ಬಂದಾಗ ಎದ್ದು ನೀರು ಕಟ್ಟಿರಬಹುದು. ಕೇಳಿದರೆ ತಾನೇ ಗೊತ್ತಾಗುವುದು?

ನಮ್ಮ ನಾಡನ್ನೂ ಇಟಲಿಯವನೊಬ್ಬ ನೋಡಿ ಹೋಗಿದ್ದಾನೆ. ರೋಮಿನ ಪಿಯೆತ್ರೊ ದೆಲ್ಲ ವಾಲೆ 1623ರಲ್ಲಿ ಗೋವಾದಿಂದ ಹೊನ್ನಾವರಕ್ಕೆ ಬಂದು, ಘಟ್ಟ ಹತ್ತಿ ವೆಂಕಟಪ್ಪ ನಾಯಕರ ಇಕ್ಕೇರಿಗೆ ಹೋದ. ದಾರಿಯಲ್ಲಿ ಒಂದು ಗುಡಿಯ ಜಗಲಿಯಲ್ಲಿ ಹುಡುಗರು ನೆಲಕ್ಕೆ ಮರಳು ಹರಡಿ, ಬೆರಳಲ್ಲಿ ಬರೆದು, ರಾಗವಾಗಿ ಹೇಳಿಕೊಂಡು ಲೆಕ್ಕ ಕಲಿಯುವುದನ್ನು ಕಂಡ. ನಿಂತು, ಯಾಕೆ ಹೀಗೆ ಮಾಡುತ್ತೀರಿ ಅಂತ ಅವರನ್ನೇ ಕೇಳಿ ಬರೆದುಕೊಂಡ. ನಾನೂರು ವರ್ಷದ ಹಿಂದಿನ ಆ ಶಾಲೆ ನಮಗೆ ಇಂದು ಕಾಣುವುದು ಅವನು ನಿಂತು ಕೇಳಿದ್ದರಿಂದ.

ನಿಮ್ಮ ಊರಿನ ಬಗ್ಗೆಯೂ ಹಿಂದೆ ಯಾರಾದರೂ ಬಂದು ಬರೆದದ್ದು ಗೊತ್ತಿದ್ದರೆ ನಮಗೆ ತಿಳಿಸಿ. ಅವರು ಸರಿಯಾಗಿ ನೋಡಿದ್ದಾರೋ ಇಲ್ಲವೋ ಅನ್ನುವುದನ್ನೂ ಜೊತೆಗೆ ಬರೆಯಿರಿ.