ಪೇಟೆಯ ಲೈಸೆನ್ಸು, ಹಳ್ಳಿಯ ಲೈಸೆನ್ಸು

ಕಳೆದ ತಿಂಗಳು ಕುಟುಂಬದ ಮದುವೆಯೊಂದಕ್ಕಾಗಿ ಬೆಂಗಳೂರಿನಿಂದ ಬಂದಿದ್ದ ನನ್ನ ಸೋದರಳಿಯ, ಕಾರಿನಲ್ಲಿ ಹಂಪನಕಟ್ಟೆಯನ್ನು ದಾಟುವಷ್ಟರಲ್ಲಿ ತಾಳ್ಮೆಯನ್ನು ಪೂರ್ತಿ ಕಳೆದುಕೊಂಡಿದ್ದ. ಎದುರಿಗಿದ್ದ ಪಿಕಪ್ ವಾಹನವೊಂದು ಯಾವ ಸೂಚನೆಯನ್ನೂ ಕೊಡದೆ ಬಲಕ್ಕೆ ತಿರುಗಿತ್ತು. "ಮಾವ, ಹಳ್ಳಿಯ ಡ್ರೈವರುಗಳಿಗೆ ಬೇರೆಯೇ ಲೈಸೆನ್ಸ್ ಕೊಡಬೇಕು. ಪೇಟೆಗೆ ಬರಬೇಕಾದರೆ ಇನ್ನೊಂದು ಪರೀಕ್ಷೆ ಪಾಸಾಗಲಿ" ಎಂದ. ಹಿಂದಿನ ಸೀಟಿನಲ್ಲಿದ್ದ ಹಿರಿಯ ಬಂಧುವೊಬ್ಬರು, "ಬೇರೆ ಕೊಡುವುದೇ ಆದರೆ ಸುಲಭದ್ದು ಕೊಡಲಿ. ತೋಟದ ದಾರಿಯಲ್ಲಿ ಜೀಪು ಬಿಡುವವನಿಗೆ ಸಿಗ್ನಲ್ ದೀಪದ ಪರೀಕ್ಷೆ ಯಾಕೆ?" ಎಂದರು. ಕಾರಣ ಬೇರೆ ಬೇರೆಯಾದರೂ ಇಬ್ಬರೂ ಕೇಳಿದ್ದು ಎರಡು ಬಗೆಯ ನಿಯಮವನ್ನೇ. ನಾನು ಅಂದು ಸುಮ್ಮನಿದ್ದೆ. ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಇತಿಹಾಸದಿಂದಲೇ ಆರಂಭಿಸೋಣ. ಇಡೀ ಬ್ರಿಟಿಷ್ ಇಂಡಿಯಾಕ್ಕೆ ಅನ್ವಯಿಸುವ ಮೊದಲ ಮೋಟಾರು ವಾಹನ ಕಾಯಿದೆ ಬಂದದ್ದು 1914ರಲ್ಲಿ. ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ, ಅಂದರೆ ನಮ್ಮ ಹಿರಿಯರ ಬಾಯಲ್ಲಿ ಬರೇ 'ಸಿ.ಪಿ.ಸಿ.', ಹುಟ್ಟಿಕೊಂಡದ್ದೂ ಅದೇ ವರ್ಷ. ಆಗ ನಮ್ಮ ಜಿಲ್ಲೆ ಮದರಾಸು ಆಧಿಪತ್ಯಕ್ಕೆ ಸೇರಿತ್ತು. ಪೇಟೆಯನ್ನು ಒಳನಾಡಿಗೆ ಜೋಡಿಸುವುದೇ ಈ ಬಸ್ಸುಗಳ ಕೆಲಸವಾಗಿದ್ದುದರಿಂದ, ಚಾಲಕನನ್ನು ಪೇಟೆಯವನು, ಹಳ್ಳಿಯವನು ಎಂದು ವಿಂಗಡಿಸುವುದಕ್ಕೆ ಅರ್ಥವೇ ಇರಲಿಲ್ಲ. ಮುಂದೆ 1939ರ ಕಾಯಿದೆ ಬಂತು. ಅದರ ಸ್ಥಾನದಲ್ಲಿ 1988ರ ಕಾಯಿದೆ 1989ರ ಜುಲೈ 1ರಂದು ಜಾರಿಗೆ ಬಂದು, ಹಲವು ತಿದ್ದುಪಡಿಗಳೊಂದಿಗೆ ಇಂದಿಗೂ ನಡೆಯುತ್ತಿದೆ. ಇದು ಚಾಲಕನ ವಯಸ್ಸನ್ನೂ ವಾಹನದ ಬಗೆಯನ್ನೂ ಕೇಳುತ್ತದೆಯೇ ಹೊರತು ಊರು ಹಳ್ಳಿಯೋ ಪೇಟೆಯೋ ಎಂದು ಕೇಳುವುದಿಲ್ಲ. ಇದರಡಿ ಕೊಟ್ಟ ಲೈಸೆನ್ಸ್ ಭಾರತದಾದ್ಯಂತ ಊರ್ಜಿತ.

ನಮ್ಮ ಆಟೋರಿಕ್ಷಾಗಳಲ್ಲಿ ನಗರಕ್ಕೆ ಒಂದನೆಯ ವಲಯ, ಗ್ರಾಮಾಂತರಕ್ಕೆ ಎರಡನೆಯ ವಲಯ ಎಂಬ ವಿಂಗಡಣೆ ಇದೆಯಲ್ಲ ಎಂದು ನೀವು ಕೇಳಬಹುದು. ಅದು ಪರ್ಮಿಟ್‌ಗೆ ಸಂಬಂಧಿಸಿದ್ದು. ರಿಕ್ಷಾ ಎಲ್ಲಿ ಬಾಡಿಗೆ ಮಾಡಬಹುದೆಂಬುದನ್ನು ಅದು ಹೇಳುತ್ತದೆ, ಚಾಲಕನ ಯೋಗ್ಯತೆಯನ್ನಲ್ಲ.

ಆದರೆ ಹನ್ನೆರಡು ವರ್ಷಗಳ ಕಾಲ ನಮ್ಮ ದೇಶದಲ್ಲಿ ಹೆಸರಿಲ್ಲದೆಯೇ ಹಳ್ಳಿಯವರಿಗೊಂದು ಬೇರೆ ನಿಯಮ ಇತ್ತು ಎಂದರೆ ನಂಬುತ್ತೀರಾ? 2007ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿಯಾಗಿ, ಲಾರಿ, ಬಸ್ಸು ಮುಂತಾದ ಸಾರಿಗೆ ವಾಹನಗಳ ಲೈಸೆನ್ಸ್‌ಗೆ ಎಂಟನೆಯ ತರಗತಿ ತೇರ್ಗಡೆಯಾಗಿರಬೇಕೆಂಬ ಶರತ್ತು ಬಂತು. ಮೊದಲೇ ಲೈಸೆನ್ಸ್ ಇದ್ದವರಿಗೆ ನವೀಕರಣದಲ್ಲಿ ವಿನಾಯಿತಿ ಇತ್ತು, ಹೊಸಬರಿಗೆ ಇರಲಿಲ್ಲ. ಅಕ್ಷರಶಃ ನೋಡಿದರೆ ಎಲ್ಲರಿಗೂ ಒಂದೇ ನಿಯಮ. ಅದರ ಭಾರ ಯಾರ ಮೇಲೆ ಬಿತ್ತೆಂಬುದನ್ನು ನಾನು ನನ್ನ ಮನೆಯ ಜಗಲಿಯಲ್ಲೇ ಕಂಡೆ.

2009ರ ಮಳೆಗಾಲ. ಬಂಟ್ವಾಳ ತಾಲೂಕಿನ ಒಳಭಾಗದ ಶಾಲೆಯೊಂದರಲ್ಲಿ ನನ್ನ ವಿದ್ಯಾರ್ಥಿಯಾಗಿದ್ದವನೊಬ್ಬ ಒದ್ದೆಯಾಗಿ ಬಂದು ನಿಂತ. ಐದನೆಯ ತರಗತಿಯ ಅರ್ಧದಲ್ಲಿ ಶಾಲೆ ಬಿಟ್ಟವನು. ತಂದೆ ಹಾಸಿಗೆ ಹಿಡಿದಿದ್ದರು, ತಾಯಿ ಬೀಡಿ ಕಟ್ಟಿ ಮನೆ ನಡೆಸುತ್ತಿದ್ದರು. ಅವನು ಹದಿಹರೆಯದಲ್ಲೇ ಲಾರಿಯ ಕ್ಲೀನರ್ ಆಗಿ, ಚಾರ್ಮಾಡಿ ಘಾಟಿಯ ಒಂದೊಂದು ತಿರುವನ್ನೂ ಬಲ್ಲವನಾಗಿದ್ದ. "ಮಾಸ್ಟ್ರೇ, ಎಂಟನೆಯ ಕ್ಲಾಸು ಪಾಸಾಗಿದ್ದೇನೆ ಅಂತ ಒಂದು ಕಾಗದ ಮಾಡಿಸಿ ಕೊಡಿ. ನೀವು ಹೇಳಿದರೆ ಶಾಲೆಯವರು ಕೊಡ್ತಾರೆ" ಎಂದ. ಸುಳ್ಳು ಪ್ರಮಾಣಪತ್ರಕ್ಕೆ ನಾನು ಶಿಫಾರಸು ಮಾಡಲಾರೆ ಎಂದೆ. ಅವನು ತಲೆ ತಗ್ಗಿಸಿ ಹೇಳಿದ: "ನಾನು ಪಾಠ ಮಾಡುವ ಕೆಲಸ ಕೇಳ್ತಾ ಇಲ್ಲ ಮಾಸ್ಟ್ರೇ, ಲಾರಿ ಬಿಡುವ ಕೆಲಸ." ನನ್ನ ಹೆಂಡತಿ ಕೊಟ್ಟ ಚಹಾ ಕುಡಿದು ಹೋದ.

ನಿಯಮದ ಪರವಾಗಿ ಹೇಳುವುದಿಲ್ಲವೆಂದಲ್ಲ. ಓದು ಬಾರದವನು ರಸ್ತೆಬದಿಯ ಎಚ್ಚರಿಕೆಯ ಫಲಕವನ್ನು ಹೇಗೆ ಓದಿಯಾನು? 2019ರ ಮೇ ತಿಂಗಳಲ್ಲಿ ರಾಜಸ್ಥಾನ ಹೈಕೋರ್ಟ್ ಕೂಡ ಅನಕ್ಷರಸ್ಥ ಚಾಲಕರು ಪಾದಚಾರಿಗಳಿಗೆ ಅಪಾಯವೆಂಬ ನಿಲುವು ತಳೆಯಿತು. ಆದರೆ ಮರುತಿಂಗಳೇ ಕೇಂದ್ರ ಸಾರಿಗೆ ಸಚಿವಾಲಯವು ಎಂಟನೆಯ ತರಗತಿಯ ಶರತ್ತನ್ನು ಕೈಬಿಡುವುದಾಗಿ ಪ್ರಕಟಿಸಿ, ಅದೇ ವರ್ಷ ನಿಯಮವನ್ನು ತೆಗೆದುಹಾಕಿತು. ತನ್ನ ಹಿಂದುಳಿದ ಮೇವಾತ್ ಪ್ರದೇಶದವರಿಗೆ ಮಾತ್ರ ರಿಯಾಯಿತಿ ಬೇಕೆಂದು ಹರಿಯಾಣ ಸರಕಾರ ಕೇಳಿತ್ತು. ಸಚಿವಾಲಯವು ಒಂದು ಪ್ರದೇಶಕ್ಕೆ ರಿಯಾಯಿತಿ ಕೊಡುವ ಬದಲು ಎಲ್ಲರಿಗೂ ಶರತ್ತನ್ನು ತೆಗೆದು, ತರಬೇತಿ ಮತ್ತು ಚಾಲನಾ ಪರೀಕ್ಷೆಗೆ ಒತ್ತು ಕೊಟ್ಟಿತು. ಫಲಕ ಓದಲು ಬರುತ್ತದೆಯೇ ಎಂಬುದನ್ನು ಆ ಪರೀಕ್ಷೆಯಲ್ಲೇ ನೋಡಬಹುದಲ್ಲವೆ? ದೇಶಕ್ಕೆ ಸುಮಾರು 22 ಲಕ್ಷ ಚಾಲಕರ ಕೊರತೆಯಿದೆ ಎಂಬುದೂ ಅದರ ಹೇಳಿಕೆಯಲ್ಲಿತ್ತು.

ಆ ತೀರ್ಮಾನವೇ ಸರಿಯೆಂದು ನನಗೆ ತೋರುತ್ತದೆ. ಹೊರದೇಶಗಳಲ್ಲಿ ಕೃಷಿಕರಿಗೆ ಬೇರೆ ನಿಯಮಗಳಿವೆ. ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿ ಹೊಲದ ಕೆಲಸಕ್ಕಾಗಿ 14ರ ಹುಡುಗನಿಗೂ ಸೀಮಿತ ಪರವಾನಗಿ ಸಿಗುತ್ತದೆ. ಅಲ್ಲಿಯ ಬಯಲು ವಿಶಾಲ, ಜನ ವಿರಳ. ನಮ್ಮಲ್ಲಿ ಹಾಗಲ್ಲ. ಬೆಳಿಗ್ಗೆ ಬೆಳ್ತಂಗಡಿಯ ತೋಟದಲ್ಲಿ ಅಡಿಕೆ ಹೇರಿದ ವಾಹನ ಮಧ್ಯಾಹ್ನ ಬಂದರಿನ ಪೇಟೆಯ ಇಕ್ಕಟ್ಟಿನ ಬೀದಿಯಲ್ಲಿರುತ್ತದೆ. ಇದಲ್ಲದೆ 2019ರ ಕಾಯಿದೆ ತಿದ್ದುಪಡಿಯಿಂದಾಗಿ ರಾಜ್ಯದ ಯಾವ ಕಚೇರಿಯಲ್ಲಾದರೂ ಲೈಸೆನ್ಸ್‌ಗೆ ಅರ್ಜಿ ಹಾಕಬಹುದು. ಹಳ್ಳಿಯ ಪರೀಕ್ಷೆಯನ್ನು ಸುಲಭ ಮಾಡಿದರೆ ಪೇಟೆಯವರೇ ಅಲ್ಲಿ ಸಾಲುಗಟ್ಟಿಯಾರು! ಅದನ್ನು ಕಠಿಣ ಮಾಡಿದರೆ, ಘಟ್ಟದ ಇಳಿಜಾರಿನಲ್ಲಿ ಕೈ ಪಳಗಿದವನು ಮನೆಯಲ್ಲೇ ಉಳಿದಾನು. ಆದುದರಿಂದ ಪರೀಕ್ಷೆ ಒಂದೇ ಇರಲಿ. ಅದರಲ್ಲಿ ಸಿಗ್ನಲ್ ದೀಪವೂ ಇರಲಿ, ಘಾಟಿಯ ತಿರುವೂ ಇರಲಿ. ಘಾಟಿಯಲ್ಲಿ ನನ್ನ ಸೋದರಳಿಯ ಪಾಸಾಗುತ್ತಾನೋ ಇಲ್ಲವೋ, ಹೇಳಲಾರೆ.

ನನ್ನ ಆ ವಿದ್ಯಾರ್ಥಿ 2021ರಲ್ಲಿ ಭಾರೀ ವಾಹನದ ಲೈಸೆನ್ಸ್ ಪಡೆದ. ಅಲ್ಲಿಯವರೆಗೆ ಇತರರು ಬಿಡುವ ಲಾರಿಗಳಿಗೆ ಮೂಟೆ ಹೊರುತ್ತಿದ್ದ. ಈಗ ಪಣಂಬೂರಿನಿಂದ ಘಟ್ಟದ ಮೇಲಕ್ಕೆ ಲಾರಿ ಬಿಡುತ್ತಾನೆ. ಅವನ ಮಗಳು ಒಂಬತ್ತನೆಯ ತರಗತಿಯಲ್ಲಿದ್ದಾಳೆ.

ಸುಳ್ಳು ಕಾಗದ ಮಾಡಿಸಿ ಕೊಡದಿದ್ದುದಕ್ಕೆ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ. ಕಾಡುವ ಸಂಗತಿ ಬೇರೆ. ಅವನು ಶಾಲೆಗೆ ಬರುವುದನ್ನು ನಿಲ್ಲಿಸಿದಾಗ ಕೆಲವು ವಾರ ಕಾದು, ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆ ಎಳೆದವನು ನಾನೇ. ಅವನ ಮನೆ ಶಾಲೆಯಿಂದ ಎರಡು ಮೈಲಿ ದೂರವಿತ್ತು. ಒಂದು ಸಂಜೆ ನಡೆದು ಹೋಗಿ ವಿಚಾರಿಸಬಹುದಿತ್ತು. ನಾನು ಹೋಗಲಿಲ್ಲ.